ನಡುವೆ ಕಚ್ಚು ಇರೋ ಫಿಫ್ತ್ ವೀಲ್ ಟೇಲ್‌ಗೇಟ್: ಒಂದು ವರ್ಷ ಬಳಸಿದ ಮೇಲೆ

ಮೊದಲೇ ಹೇಳ್ಬಿಡ್ತೀನಿ, ಈ ಟೇಲ್‌ಗೇಟನ್ನ, ಅಂದ್ರೆ ಪಿಕಪ್ ಟ್ರಕ್ಕಿನ ಹಿಂದೆ ಕೆಳಕ್ಕೆ ಇಳಿಸೋ ಬಾಗಿಲನ್ನ, ನಾನು ಯೋಚನೆ ಮಾಡಿ ತಗೊಂಡಿದ್ದಲ್ಲ, ಇದ್ದ ಗೇಟ್ ಮುರ್ಕೊಂಡ್ಮೇಲೆ ತಗೊಂಡಿದ್ದು. ಹೋದ್ವರ್ಷ ಸ್ಪ್ರಿಂಗ್ ಬ್ರೇಕಿಗೆ ಡ್ಯಾಲಸ್‌ನಿಂದ 287 ಹೈವೇ ಹಿಡಿದು ಅಮರಿಲ್ಲೋ ಕಡೆ, ಪಾಲೋ ಡ್ಯುರೋ ಕ್ಯಾನ್ಯನ್‌ಗೆ ಟ್ರೇಲರ್ ಎಳ್ಕೊಂಡು ಹೋಗಿದ್ವಿ. ದಾರಿ ಪೂರ್ತಿ ಅಡ್ಡಗಾಳಿ, ಪಾರ್ಕ್ ಒಳಗೆ ಇಳಿಯೋವಾಗ 10 ಪರ್ಸೆಂಟ್ ಇಳಿಜಾರು, ಕ್ಯಾಂಪ್ ಸೈಟ್ ಮುಟ್ಟೋ ಹೊತ್ತಿಗೆ ಕೈಯೆಲ್ಲ ಮರಗಟ್ಟಿತ್ತು. ಮಕ್ಕಳಿಗೆ ಹಸಿವು, ಹೆಂಡ್ತಿ ಒಳಗಿಂದ "ರೀ ಬೇಗ ಆಗ್ಲಿ, ಅನ್ನಕ್ಕಿಡ್ಬೇಕು" ಅಂತಾಳೆ, ನಾನು ಚಕ್ರಕ್ಕೆ ಅಡ್ಡ ಕೊಟ್ಟೆ, ಟ್ರೇಲರ್ ಕಾಲು ಇಳಿಸ್ದೆ, ವೈರ್ ತೆಗ್ದೆ, ಟ್ರಕ್ಕಿಗೆ ಟ್ರೇಲರ್ ಸಿಕ್ಕಿಸೋ ಕೊಂಡಿ, ಅದೇ ಹಿಚ್, ಅದರ ಹ್ಯಾಂಡಲ್ ಎಳ್ದೆ, ಹೋಗಿ ಸೀಟಲ್ಲಿ ಕೂತು ಗಾಡಿ ಮುಂದಕ್ಕೆ ಬಿಟ್ಟೆ. ಟೇಲ್‌ಗೇಟ್ ಇಳ್ಸೇ ಇರ್ಲಿಲ್ಲ. ದೊಡ್ಡ ಡಬರಿ ಮೇಲೆ ಯಾರೋ ಕೂತಂಗೆ ಒಂದು ಸದ್ದು ಬಂತು ನೋಡಿ, ಪಕ್ಕದ ಸೈಟಲ್ಲಿದ್ದ ವಯಸ್ಸಾದ ಅಮೆರಿಕನ್ ದಂಪತಿ ಕುರ್ಚಿಯಿಂದ ಎದ್ದು ಬಂದ್ರು. ಆ ಅಜ್ಜ ನಗ್ಲೂ ಇಲ್ಲ ಬೈಲೂ ಇಲ್ಲ, ನಾನೂ ಎರಡು ಸಲ ಮಾಡಿದೀನಿ ಅಂದ್ರು ಅಷ್ಟೇ.

ಇದರ ಪರಿಚಯ ಇಲ್ದೋರಿಗೆ ಸ್ವಲ್ಪ ಹೇಳ್ತೀನಿ. ಫಿಫ್ತ್ ವೀಲ್ ಅಂದ್ರೆ ಐದನೇ ಚಕ್ರ ಅಂತ ಯಾವ್ದೂ ಇರಲ್ಲ. ಹಿಂದೆ ಕುದುರೆ ಗಾಡೀಲಿ ಮುಂದಿನ ಅಚ್ಚು ಆಕಡೆ ಈಕಡೆ ತಿರುಗ್ಲಿ ಅಂತ ಅದರ ಮೇಲೆ ಒಂದು ಚಕ್ರ ಮಲಗಿಸಿ ಇಡ್ತಿದ್ರು, ಹೆಸರು ಅಲ್ಲಿಂದ ಬಂದಿದ್ದು. ಶಿರಾಡಿ ಘಾಟಿಲಿ ಮಂಗಳೂರು ಪೋರ್ಟಿಗೆ ಹೋಗೋ ಕಂಟೇನರ್ ಟ್ರೇಲರ್ ನೋಡಿರ್ತೀರಲ್ಲ, ಮುಂದಿನ ಇಂಜಿನ್ ಗಾಡಿ ಬೆನ್ನ ಮೇಲೆ ಟ್ರೇಲರ್ ಮೂತಿ ಕೂತಿರುತ್ತೆ, ಅದೇ ಏರ್ಪಾಟು. ಇಲ್ಲಿ ಮನೆ ಥರದ ಟ್ರೇಲರಿನ ಮೂತಿನ ಪಿಕಪ್ ಬೆಡ್, ಅಂದ್ರೆ ಹಿಂದೆ ಸಾಮಾನು ಹಾಕೋ ತೊಟ್ಟಿ ಒಳಗೆ ಕೂರಿಸ್ತಾರೆ, ಹಿಂದಿನ ಆಕ್ಸಲ್ ಮೇಲಕ್ಕೋ ಒಂಚೂರು ಮುಂದಕ್ಕೋ ಹಿಚ್ ಇರುತ್ತೆ, ಟ್ರೇಲರ್ ಮೂತಿ ಕೆಳಗಡೆ ಎರಡು ಇಂಚು ದಪ್ಪದ ಕಿಂಗ್ ಪಿನ್ ಇರುತ್ತೆ, ಆ ಪಿನ್ನನ್ನ ಹಿಚ್ಚಿನ ದವಡೆ ಕಚ್ಕೊಳ್ಳುತ್ತೆ. ಟ್ರೇಲರ್ ತೂಕದಲ್ಲಿ ಸುಮಾರು ಐದ್ರಲ್ಲಿ ಒಂದು ಭಾಗ ಟ್ರಕ್ ಬೆನ್ನ ಮೇಲೆ ಬೀಳುತ್ತೆ. ನಮ್ದು ಸಾಮಾನೆಲ್ಲ ತುಂಬಿದ್ರೆ 9,000 ಪೌಂಡ್ ಹತ್ರ, ಅಂದ್ರೆ ಪಿನ್ ಮೇಲೇ 1,800 ಪೌಂಡ್. ಹಿಂದಕ್ಕೆ ಬಾಲ್ ಹಿಚ್ ಹಾಕಿ ಎಳೆಯೋ ಟ್ರೇಲರಿಗಿಂತ ಇದು ಗಾಳೀಲಿ ಬಾಲ ಅಲ್ಲಾಡ್ಸೋದು ಎಷ್ಟೋ ಕಮ್ಮಿ, ಅದಕ್ಕೇ ಜನ ಇದಕ್ಕೆ ಬೀಳೋದು.

ತಾಪತ್ರಯ ಎಲ್ಲ ಟೇಲ್‌ಗೇಟ್‌ದು. ಹಿಚ್ ಪ್ಲೇಟಿನ ಎತ್ತರ ಬೆಡ್ ಅಂಚಿಗಿಂತ ಕೆಳಗೇ ಬರುತ್ತೆ, ಹಂಗಾಗಿ ಕಿಂಗ್ ಪಿನ್ ಕೂತಿರೋ ಟ್ರೇಲರ್ ಮೂತಿಯ ಭಾಗ, ಅಂದ್ರೆ ಪಿನ್ ಬಾಕ್ಸ್, ಬೆಡ್ ಒಳಗೆ ಬರ್ಬೇಕಾದ್ರೂ ಹೊರಗೆ ಹೋಗ್ಬೇಕಾದ್ರೂ ಗೇಟ್ ದಾಟ್ಲೇಬೇಕು. ಹಾಕೋವಾಗ ಮರೆತ್ರೆ ಹೊರಗಿಂದ ಗುದ್ದುತ್ತೆ, ಬಿಚ್ಚೋವಾಗ ಮರೆತ್ರೆ ಒಳಗಿಂದ. ಎರಡ್ರಲ್ಲೂ ಗೇಟಿಗೇ ಏಟು.

ಬಾಡಿ ಶಾಪಲ್ಲಿ ಕೇಳ್ದೆ, ಹೊಸ ಗೇಟು, ಪೇಂಟು, ಕ್ಯಾಮೆರಾ ಇರೋ ಹಿಡಿ, ಕೂಲಿ ಎಲ್ಲ ಸೇರಿ 2,000 ಡಾಲರ್ ದಾಟ್ತು. ಇನ್ಶೂರೆನ್ಸಲ್ಲಿ ನಾನೇ ಕೈಯಿಂದ ಕಟ್ಬೇಕಾದ ಡಿಡಕ್ಟಿಬಲ್ಲೇ 1,000, ಜೊತೆಗೆ ಕ್ಲೇಮ್ ಮಾಡಿದ್ರೆ ಪ್ರೀಮಿಯಂ ಏರೋ ಭಯ. ಆಗ ಹುಡುಕಕ್ಕೆ ಶುರು ಮಾಡಿದ್ದು ಈ ಫಿಫ್ತ್ ವೀಲ್ ಟೇಲ್‌ಗೇಟ್‌ಗಳನ್ನ.

ಎಲ್ಲಕ್ಕಿಂತ ಅಗ್ಗದ ದಾರಿ ಅಂದ್ರೆ ಗೇಟೇ ಇಲ್ದೆ ಓಡಾಡೋದು. ಒಂದು ತಿಂಗಳು ಹಂಗೇ ಓಡಾಡಿದೆ. ಎಳೆಯೋವಾಗ ಏನೂ ತೊಂದ್ರೆ ಇಲ್ಲ, ಆದ್ರೆ ವಾರದ ದಿನ ಬೆಡ್ಡಲ್ಲಿ ಒಂದು ಮೂಟೆ ಇಟ್ರೂ ಹಗ್ಗ ಕಟ್ಬೇಕು, ಅಕ್ಕಿ ಮೂಟೆ ತರೋಕ್ಕೆ ಇಂಡಿಯನ್ ಸ್ಟೋರಿಗೆ ಹೋದಾಗೆಲ್ಲ ನಂಗೆ ನಮ್ಮೂರಿನ ಟ್ರ್ಯಾಕ್ಟರ್ ಟ್ರೈಲರ್ ನೆನಪಾಗೋದು, ಕಬ್ಬು ಸೀಸನ್ನಲ್ಲಿ ಮಂಡ್ಯ ರೋಡಲ್ಲಿ ಬಿದ್ದಿರೋ ಜಲ್ಲೆಗಳ ಥರ ನನ್ನ ಹಿಂದೆ ಏನೇನು ಬೀಳ್ತಿದ್ಯೋ ಅಂತ. ಆಮೇಲೆ ನೆಟ್ ಥರದ್ದು ಬರುತ್ತೆ, ಬಲೆ ಹೆಣೆದ ಪಟ್ಟಿ, ಎರಡು ಕಡೆ ಕೊಂಡಿ ಹಾಕಿ ಬಿಗಿಯೋದು. ಗುದ್ದಿದ್ರೂ ಏನಾಗಲ್ಲ ಅನ್ನೋದೊಂದೇ ಅದರ ಗುಣ. ಟೆಕ್ಸಸ್ ಬಿಸಿಲಿಗೆ ನೈಲಾನ್ ಎಷ್ಟು ದಿನ ತಾಳ್ತಿತ್ತು, ಬಿಟ್ಟಾಕಿ.

ಟ್ರಕ್ ಕಂಪನಿಗಳೇ ಈಗೀಗ ನಾನಾ ಥರ ಗೇಟ್ ಕೊಡ್ತಾರೆ. ರಾಮ್‌ನವರು 2019ರಲ್ಲಿ ಬಾಗಿಲ ಥರ 60-40 ಭಾಗವಾಗಿ ಪಕ್ಕಕ್ಕೆ ತೆಗೆಯೋದೂ ಕೆಳಗೆ ಬೀಳಿಸೋದೂ ಎರಡೂ ಆಗೋ ಗೇಟ್ ತೋರಿಸಿದ್ರು, ಜಿಎಂಸಿಯವರ ಮಲ್ಟಿಪ್ರೋ ಗೇಟ್ ಅಂತೂ ಒಳಗಿಂದ ಇನ್ನೊಂದು ಗೇಟ್ ಬಿಚ್ಕೊಂಡು ಮೆಟ್ಟಿಲೂ ಆಗುತ್ತೆ. ನೋಡಕ್ಕೆ ಚೆಂದ, ಸಂತೆಗೆ ಹೋಗಿ ಬರೋಕ್ಕೆ ಅನುಕೂಲ. ಆದ್ರೆ ಮುಚ್ಚಿದಾಗ ಅವೂ ಅಷ್ಟೇ ಎತ್ತರದ ಗೋಡೆ, ಮರೆತು ಗುದ್ದಿದ್ರೆ ಬಿಲ್ಲು ಇನ್ನೂ ದೊಡ್ಡದು.

ಕೊನೆಗೆ ತಗೊಂಡಿದ್ದು ನಡುವೆ ವಿ ಆಕಾರದಲ್ಲಿ ತಗ್ಗಿರೋ, ಕಿಟಕಿ ಪಟ್ಟಿ ಥರ ಸೀಳು ಸೀಳು ಇರೋ ಲೂವರ್ ಗೇಟು. ಕಂಪನಿ ಹೆಸರು ಹೇಳಲ್ಲ, ಯಾಕಂದ್ರೆ ಒಂದೆರಡು ತಕರಾರಿದೆ ನಂಗೆ. 400 ಡಾಲರ್ ಒಳಗೇ ಬಂತು, ಎಡಗೈಲೇ ಎತ್ಬಹುದು ಅಷ್ಟು ಹಗುರ. ನಮ್ಮ ಟ್ರಕ್ 2018ರ ಫೋರ್ಡ್ ಎಫ್-250, 2017ರಿಂದ ಅದರ ಬಾಡಿ ಅಲ್ಯೂಮಿನಿಯಂ ಆದ್ರೂ ಒಳಗಡೆ ಮೆಟ್ಟಿಲು, ಹಿಡಿಕಟ್ಟು ಇರೋ ಗೇಟು ಒಬ್ಬನೇ ಎತ್ತಿದ್ರೆ ಸೊಂಟ ಹಿಡ್ಕೊಳ್ಳುತ್ತೆ.

ಡಬ್ಬಿ ಮೇಲೆ ದೊಡ್ಡದಾಗಿ ಬರೆದಿದ್ದು ಏನಪ್ಪಾ ಅಂದ್ರೆ ಗಾಳಿ ಸೀಳಿನಲ್ಲಿ ಹಾದು ಹೋಗುತ್ತೆ, ಪೆಟ್ರೋಲ್ ಉಳಿಯುತ್ತೆ ಅಂತ. ಇದನ್ನ ನಂಬಿ ತಗೋಬೇಡಿ. ಸ್ವಲ್ಪ ಯೋಚನೆ ಮಾಡಿ, 12 ಅಡಿ ಎತ್ತರದ ಟ್ರೇಲರ್ ಮುಖ ಗಾಳಿಗೆ ಎದೆ ಕೊಟ್ಕೊಂಡು ಬರ್ತಿರುತ್ತೆ, ಟ್ರಕ್ಕಿನ ಬೆಡ್ ಅದರ ಮುಂದೆ ಒಂದು ಗೂಡು ಅಷ್ಟೇ, ಆ ಗೂಡಿನ ಬಾಗಿಲಲ್ಲಿ ಸೀಳಿದ್ರೆಷ್ಟು ಬಿಟ್ರೆಷ್ಟು. ಖಾಲಿ ಓಡೋವಾಗ್ಲೂ ಮುಚ್ಚಿದ ಗೇಟಿನ ಬೆಡ್ ಒಳಗೆ ಗಾಳಿ ಸುರುಳಿ ಸುತ್ಕೊಂಡು ನಿಲ್ಲುತ್ತೆ, ಕ್ಯಾಬ್ ಮೇಲಿಂದ ಬರೋ ಗಾಳಿ ಅದರ ಮೇಲೆ ಜಾರಿ ಹೋಗುತ್ತೆ, ಅದಕ್ಕೇ ಗೇಟ್ ಇಳಿಸ್ಕೊಂಡು ಓಡಿಸಿದ್ರೆ ಮೈಲೇಜ್ ಜಾಸ್ತಿ ಅನ್ನೋ ಹಳೇ ಮಾತೂ ನಿಲ್ಲಲ್ಲ. ನಾನು ಪ್ರತಿ ಸಲ ಟ್ಯಾಂಕ್ ತುಂಬಿಸಿದಾಗ್ಲೂ ಡೈರಿಲಿ ಬರ್ಕೋತೀನಿ, ಎಳೆಯೋವಾಗ ಹಳೇ ಗೇಟಲ್ಲಿ ಗ್ಯಾಲನ್ನಿಗೆ ಎಂಟೂವರೆ ಮೈಲಿ, ಹೊಸ ಗೇಟಲ್ಲೂ ಎಂಟೂವರೆ. ನಮ್ಮ ಲೆಕ್ಕದಲ್ಲಿ ಲೀಟರಿಗೆ ಮೂರೂವರೆ ಕಿಲೋಮೀಟರ್ ಚಿಲ್ಲರೆ. ಎದುರುಗಾಳಿ ಇದ್ರೆ ಯಾವ ಗೇಟಿದ್ರೂ ಏಳಕ್ಕೆ ಬೀಳುತ್ತೆ.

ಹಂಗಾದ್ರೆ ಯಾಕೆ ತಗೋಬೇಕು? ಹಿಚ್ ಹಾಕೋಕ್ಕೆ. ರಿವರ್ಸಲ್ಲಿ ಬರ್ತಾ ಕನ್ನಡಿಯಲ್ಲಿ ನೋಡಿದ್ರೆ ವಿ ತಗ್ಗಿನೊಳಗೆ ಪಿನ್ ಕಾಣುತ್ತೆ, ತಗ್ಗೇ ಒಂದು ಗುರಿ ಇದ್ದಂಗೆ, ಪಿನ್ ತಗ್ಗಿನ ಮಧ್ಯ ಇದ್ರೆ ಹಿಚ್ಚಿನ ಮಧ್ಯಾನೂ ಇರುತ್ತೆ. ಮೊದಲು ಹೆಂಡ್ತಿ ಹಿಂದೆ ನಿಂತು ಕೈ ಆಡಿಸೋಳು, ಲೆಫ್ಟ್ ಅಂದ್ರೆ ಅವಳ ಲೆಫ್ಟೋ ನನ್ನ ಲೆಫ್ಟೋ ಅನ್ನೋದ್ರಲ್ಲಿ ಅರ್ಧ ಸಂಸಾರ ಹಾಳಾಗ್ತಿತ್ತು. ಈಗ ಒಬ್ಬನೇ ಎರಡೇ ಸಲಕ್ಕೆ ಹಾಕ್ತೀನಿ. ಎರಡನೇದು, ಇಳಿಸೋಕ್ಕೆ ಮರೆತ್ರೂ ಪಿನ್ ಬಾಕ್ಸ್ ತಗ್ಗಿನಲ್ಲಿ ದಾಟಿ ಹೋಗುತ್ತೆ. ಆದ್ರೆ ಇದು ನಿಮ್ಮ ಪಿನ್ ಬಾಕ್ಸ್ ಅಗಲ, ನಿಮ್ಮ ಹಿಚ್ ಎತ್ತರದ ಮೇಲೆ ನಿಂತಿದೆ. ಆರ್ಡರ್ ಮಾಡೋಕ್ ಮುಂಚೆ ಟ್ರೇಲರ್ ಹಾಕ್ಕೊಂಡು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಬೆಡ್ ನೆಲದಿಂದ ಪಿನ್ ಬಾಕ್ಸಿನ ಕೆಳ ಅಂಚಿಗೆ ಎಷ್ಟು ಇಂಚು, ಪಿನ್ ಬಾಕ್ಸ್ ಎಷ್ಟು ಅಗಲ, ಟೇಪ್ ಹಿಡಿದು ಅಳೀರಿ, ಆಮೇಲೆ ಗೇಟಿನ ತಗ್ಗಿನ ಅಳತೆ ನೋಡಿ. ಕೆಲವು ಗೇಟಲ್ಲಿ ತಗ್ಗು ಬರೀ ಶೋಕಿಗೆ ಇರುತ್ತೆ. ನನ್ನದ್ರಲ್ಲಿ ಎರಡು ಇಂಚು ಸಂದು ಸಿಗುತ್ತೆ, ನೆಲ ಏರುಪೇರಾದ್ರೆ ಅದೂ ಇಲ್ಲ, ಹಂಗಾಗಿ ತಗ್ಗು ನೋಡ್ಕೊಂಡು ನೇರ ಮಾಡಿದ್ಮೇಲೆ, ಪಿನ್ ಬಾಕ್ಸ್ ಗೇಟ್ ದಾಟೋಕ್ ಮುಂಚೆ ನಾನು ಈಗ್ಲೂ ಇಳಿದು ಗೇಟ್ ಇಳಿಸೇ ಹಾಕ್ತೀನಿ, ಆ ಸಂದು ನನ್ನ ಮರೆವಿಗೆ ಅಂತ ಇಟ್ಕೊಂಡಿರೋದು.

ಇನ್ನೊಂದು ತಪ್ಪು ತಿಳುವಳಿಕೆ ಇದೆ, ವಿ ಗೇಟ್ ಇದ್ರೆ ಹಳ್ಳ ದಿಣ್ಣೇಲಿ ಟ್ರೇಲರ್ ಟ್ರಕ್ಕಿಗೆ ತಗಲಲ್ಲ ಅಂತ. ತಗಲುತ್ತೆ. ಟ್ರೇಲರ್ ಮೂತಿ ಬೆಡ್ಡಿಗಿಂತ ಅಗಲ, ಗೇಟ್ ಮಧ್ಯ ತಗ್ಗಿದ್ರೂ ಎರಡು ಪಕ್ಕದ ಬೆಡ್ ಅಂಚು ಅಲ್ಲೇ ಇರುತ್ತಲ್ಲ. ಅಲ್ಲಿ ಕಮ್ಮಿ ಅಂದ್ರೂ ಆರು ಇಂಚು ಜಾಗ ಬೇಕು, ಅದಕ್ಕೆ ಹಿಚ್ ಎತ್ತರ ಸರಿ ಮಾಡ್ಕೋಬೇಕೇ ಹೊರತು ಗೇಟ್ ಬದಲಾಯಿಸಿದ್ರೆ ಆಗಲ್ಲ. ಬೆಡ್ ಗಿಡ್ಡ ಇದ್ರೆ ತಿರುಗಿಸೋವಾಗ ಟ್ರೇಲರ್ ಮೂಲೆ ಕ್ಯಾಬಿನ ಹಿಂದಿನ ಗ್ಲಾಸಿಗೆ ಬಡಿಯೋದು ಬೇರೆ, ಅದಕ್ಕೆ ಹಿಂದಕ್ಕೆ ಜಾರಿಸ್ಬಹುದಾದ ಸ್ಲೈಡರ್ ಹಿಚ್ಚು, ಅದೂ ಗೇಟಿನ ಕೆಲಸ ಅಲ್ಲ.

ಈಗ ತಕರಾರು. ಕ್ಯಾಮೆರಾ. ಇಲ್ಲಿ 2018ರ ಮೇ ತಿಂಗಳಿಂದ 10,000 ಪೌಂಡ್ ಒಳಗಿನ ಎಲ್ಲ ಹೊಸ ಗಾಡಿಗೂ ಹಿಂದಿನ ಕ್ಯಾಮೆರಾ ಕಡ್ಡಾಯ, ಪಿಕಪ್ಪಲ್ಲಿ ಅದು ಸಾಮಾನ್ಯವಾಗಿ ಟೇಲ್‌ಗೇಟ್ ಹಿಡಿಯಲ್ಲೇ ಇರುತ್ತೆ. ಗೇಟ್ ಹೋದ್ರೆ ಕಣ್ಣೂ ಹೋಯ್ತು. ನಾನು ತಗೊಂಡ ಗೇಟಲ್ಲಿ ಕ್ಯಾಮೆರಾ ಕೂರಿಸೋಕ್ಕೆ ತೂತೂ ಇಲ್ಲ, ತೂತು ಇಲ್ಲ ಅಂತ ಮಾರೋ ವೆಬ್ ಪುಟದಲ್ಲಿ ಒಂದು ಮಾತೂ ಇಲ್ಲ. ಬೇರೆ ಬ್ರಾಕೆಟ್ಟು, ಉದ್ದದ ವೈರು ತಂದು ಲೈಸೆನ್ಸ್ ಪ್ಲೇಟ್ ಮೇಲೆ ಕೂರಿಸ್ದೆ, ಒಂದು ಶನಿವಾರ ಪೂರ್ತಿ ಬೆಡ್ ಕೆಳಗೆ ಮಲಗಿದ್ದೆ. ಹಾಗಂತ ಹಿಚ್ ಹಾಕೋಕ್ಕೆ ಹಳೇ ಕ್ಯಾಮೆರಾ ಏನು ದೊಡ್ಡ ಉಪಕಾರ ಮಾಡ್ತಿತ್ತು ಅಂತಲ್ಲ, ಗೇಟ್ ಇಳಿಸಿದ್ರೆ ಅದು ನೆಲ ನೋಡ್ತಿತ್ತು. ಹೊಸ ಟ್ರಕ್ ತಗೊಳ್ಳೋರಿದ್ರೆ ಮೇಲಿನ ಮೂರನೇ ಬ್ರೇಕ್ ಲೈಟಲ್ಲಿ ಬೆಡ್ ಕಾಣೋ ಕ್ಯಾಮೆರಾ ಸಿಗುತ್ತೆ, ದುಡ್ಡು ಹೆಚ್ಚಾದ್ರೂ ಹಾಕಿಸ್ಕೊಳ್ಳಿ, ಫಿಫ್ತ್ ವೀಲಿಗೆ ಅದು ಗೇಟಿಗಿಂತ ಉಪಯೋಗ.

ಎರಡನೇ ತಕರಾರು ಗಡಗಡ ಸದ್ದು. ಪಕ್ಕದ ಕೊಕ್ಕೆ ಸರಿಯಾಗಿ ಕೂರ್ತಿರ್ಲಿಲ್ಲ, 60 ಮೈಲಿ ಸ್ಪೀಡಲ್ಲಿ ಹಿಂದೆ ಯಾರೋ ತಟ್ಟೆ ಬಾರಿಸ್ಕೊಂಡು ಬಂದಂಗೆ. ಕಂಪನಿಗೆ ಎರಡು ಸಲ ಬರೆದೆ, ವಾಷರ್ ಹಾಕಿ ನೋಡಿ ಅಂತ ಒಂದು ಉತ್ತರ. ಕೊನೆಗೆ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಒಳಗೆ ತುರುಕ್ದೆ, ನಿಂತೋಯ್ತು. ಎಲ್ಲಿ ಹೋದ್ರೂ ನಮ್ಮನ್ನ ಕಾಪಾಡೋದು ಸೈಕಲ್ ಟ್ಯೂಬೇ.

ಬೀಗ ಇರೋ ಮಾಡೆಲ್ಲನ್ನೇ ತಗೊಳ್ಳಿ. ಟೆಕ್ಸಸ್ಸಲ್ಲಿ ಟೇಲ್‌ಗೇಟ್ ಕದಿಯೋದು ಒಂದು ಕಸುಬು, ಎರಡು ಕೇಬಲ್ ಕಳಚಿ ಅರ್ಧ ಇಳಿಸಿ ಒಂದು ಪಕ್ಕ ಎತ್ತಿದ್ರೆ ನಿಮಿಷದಲ್ಲಿ ಕೈಗೆ ಬರುತ್ತೆ. ಲೂವರ್ ಗೇಟನ್ನ ಕದ್ದು ಯಾರಿಗೆ ಮಾರ್ತಾರೋ ಗೊತ್ತಿಲ್ಲ, ಆದ್ರೂ.

ಮನೆಯವರ ತಕರಾರು ಬೇರೆ. ಅವರಿಗೆ ಗೇಟ್ ಅಂದ್ರೆ ಜಗಲಿ. ರೆಸ್ಟ್ ಏರಿಯಾದಲ್ಲಿ ಗೇಟ್ ಇಳಿಸಿ ಮೇಲೆ ಕೂತು ಕಾಲು ಆಡಿಸ್ತಾ ಚಿತ್ರಾನ್ನ ತಿನ್ನೋದೇ ಟ್ರಿಪ್ಪಿನ ಅರ್ಧ ಮಜಾ. ಇದರ ಮೇಲೆ ಕೂರಂಗಿಲ್ಲ, ತೂಕ ಹಾಕ್ಬೇಡಿ ಅಂತ ಸ್ಟಿಕ್ಕರ್ರೇ ಅಂಟಿಸಿದಾರೆ, ಸೀಳಿನಲ್ಲಿ ಚಮಚ ಬಿದ್ದೋಗುತ್ತೆ. ಬೆಡ್ ಮೇಲೆ ಮುಚ್ಚೋ ಟೋನೋ ಕವರ್ ಹಾಕಿದ್ರೂ ವಿ ತಗ್ಗಿನಿಂದ ಮಳೆ ನೀರು, ಧೂಳು ಒಳಗೆ.

ವರ್ಷಕ್ಕೆ ಒಂದೆರಡು ಸಲ ಎಳೆಯೋರಾದ್ರೆ ಇದು ಬೇಡ, ಇರೋ ಗೇಟ್ ತೆಗೆದು ಗ್ಯಾರೇಜಲ್ಲಿಟ್ಟು ಹೋಗಿ. ತಿಂಗಳಿಗೊಂದು ಸಲ ಹೋಗೋರು, ಒಬ್ಬರೇ ಹಿಚ್ ಹಾಕೋರು, ನನ್ನಂಗೆ ಮರೆಯೋರು ತಗೋಬಹುದು, ಐದಕ್ಕೆ ಮೂರೂವರೆ ಕೊಡ್ತೀನಿ. ಕ್ಯಾಮೆರಾ ಜಾಗ ಕೊಟ್ಟಿದ್ರೆ ನಾಲ್ಕೂವರೆ ಕೊಡ್ತಿದ್ದೆ.

ವಾರದ ದಿನಕ್ಕೆ ಅಂತ ಈಗ ಗುಜರಿ ಯಾರ್ಡಿಂದ ಹಳೇ ಒರಿಜಿನಲ್ ಗೇಟ್ ಒಂದು ತಂದಿದೀನಿ, ಕ್ಯಾಮೆರಾ ಹಿಡಿ ಸಮೇತ. ನಮ್ಮ ಟ್ರಕ್ ಬಿಳಿ, ಆ ಗೇಟು ಬೂದಿ ಬಣ್ಣ. ಟ್ರಕ್ಕು ಯಾರದೋ ಪ್ಯಾಂಟ್ ಹಾಕ್ಕೊಂಡಿದೆ ಅಂತಾಳೆ ಮಗಳು. ಪೇಂಟ್ ಮಾಡ್ಸಲ್ಲ, ಹೆಂಡ್ತಿ ಮಕ್ಕಳು ಅದರ ಮೇಲೆ ಕೂತ್ಕೊಂಡೇ ತಿಂತಾರೆ.