ಮೋನೊವೋ ಸ್ಟೀರಿಯೊವೋ: ಪಿಂಕ್ ಫ್ಲಾಯ್ಡ್‌ನ ಎರಡನೆಯ ಆಲ್ಬಂ ಅನ್ನು ನಾಲ್ಕು ಬಗೆಯಲ್ಲಿ ಕೇಳಿದಾಗ

ಇಂಗ್ಲೆಂಡಿನ ರಾಕ್ ತಂಡವಾದ ಪಿಂಕ್ ಫ್ಲಾಯ್ಡ್‌ನ ಎರಡನೆಯ ಆಲ್ಬಂ ‘ಎ ಸಾಸರ್‌ಫುಲ್ ಆಫ್ ಸೀಕ್ರೆಟ್ಸ್’ 1968ರ ಜೂನ್ ತಿಂಗಳ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಬಿಡುಗಡೆಯಾದಾಗ ಅದರ ಎಲ್‌ಪಿ ಎರಡು ರೂಪಗಳಲ್ಲಿ ಸಿಗುತ್ತಿತ್ತು. ಒಂದು, ಎಲ್ಲ ಸದ್ದೂ ಒಂದಾಗಿ ಬರುವ ಮೋನೊ; ಇನ್ನೊಂದು, ಎಡ ಮತ್ತು ಬಲ ಎರಡಾಗಿ ಬರುವ ಸ್ಟೀರಿಯೊ. ಅದೇ ವರ್ಷ ಅಮೆರಿಕದಲ್ಲಿ ಬಂದದ್ದು ಸ್ಟೀರಿಯೊ ಮಾತ್ರ. ಮುಂದೆ ಕ್ಯಾಸೆಟ್ಟಿಗೂ ಸಿ.ಡಿ.ಗೂ ಈಗಿನ ಮೊಬೈಲ್ ಆ್ಯಪ್‌ಗಳಿಗೂ ಸ್ಟೀರಿಯೊ ಮಿಕ್ಸೇ (ಬಿಡಿಯಾಗಿ ಹಿಡಿದ ವಾದ್ಯ, ದನಿಗಳನ್ನು ಬೆರೆಸಿದ ಅಂತಿಮ ರೂಪ) ಸಾಗಿಬಂತು. ಮೋನೊ ಮಿಕ್ಸ್ ಹಳೆಯ ತಟ್ಟೆಗಳನ್ನು ಹುಡುಕಿ ಕೊಳ್ಳುವವರ ಪಾಲಿಗಷ್ಟೇ ಉಳಿದಿತ್ತು. 2019ರ ಏಪ್ರಿಲ್‌ನಲ್ಲಿ ರೆಕಾರ್ಡ್ ಅಂಗಡಿಗಳ ವಾರ್ಷಿಕ ಆಚರಣೆಯಾದ ರೆಕಾರ್ಡ್ ಸ್ಟೋರ್ ಡೇ ನಿಮಿತ್ತ ಅದು ಮತ್ತೆ ಎಲ್‌ಪಿಯಾಗಿ ಅಚ್ಚಾಯಿತು. ಹೀಗಾಗಿ ಈ ಆಲ್ಬಂ ಕೇಳಬೇಕೆಂದುಕೊಳ್ಳುವವರ ಮುಂದೆ ಇಂದು ನಿಜವಾದ ಆಯ್ಕೆಯೊಂದಿದೆ. ನಾನು ಕೇಳಿ ನೋಡಿದ್ದು ನಾಲ್ಕು ಬಗೆಗಳಲ್ಲಿ: ಮೊಬೈಲ್‌ನಿಂದ ಸಣ್ಣ ಬ್ಲೂಟೂತ್ ಸ್ಪೀಕರ್ ಮೂಲಕ, 2011ರ ಮರುಸಂಸ್ಕರಣದ ಸಿ.ಡಿ.ಯನ್ನು ತಂತಿಯಿರುವ ಹೆಡ್‌ಫೋನ್‌ನಲ್ಲಿ, ಅದೇ ಸಿ.ಡಿ.ಯನ್ನು ಕೋಣೆಯ ಎರಡು ಸ್ಪೀಕರ್‌ಗಳಲ್ಲಿ, ಮತ್ತು 2019ರ ಮೋನೊ ಎಲ್‌ಪಿಯನ್ನು ಅದೇ ಸ್ಪೀಕರ್‌ಗಳಲ್ಲಿ.

ಬೇರೆ ಆಲ್ಬಂ ಆಗಿದ್ದರೆ ಇಷ್ಟು ತಲೆ ಕೆಡಿಸಿಕೊಳ್ಳುವ ಅಗತ್ಯವಿರಲಿಲ್ಲ. ಈ ಆಲ್ಬಂ ಹುಟ್ಟಿದ ರೀತಿಯೇ ಬೇರೆ. ಮೊದಲ ಆಲ್ಬಂನ ಹೆಚ್ಚಿನ ಹಾಡುಗಳನ್ನು ಬರೆದಿದ್ದ ಸಿಡ್ ಬ್ಯಾರೆಟ್ ಈ ಹೊತ್ತಿಗೆ ವೇದಿಕೆಯ ಮೇಲೆ ಗಿಟಾರ್ ಹಿಡಿದು ಸುಮ್ಮನೆ ನಿಂತುಬಿಡುವ ಸ್ಥಿತಿಗೆ ಬಂದಿದ್ದರು. 1968ರ ಜನವರಿಯ ಹೊತ್ತಿಗೆ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ತಂಡವನ್ನು ಸೇರಿಕೊಂಡರು. ಬ್ಯಾರೆಟ್ ತಂಡ ಬಿಟ್ಟ ಸುದ್ದಿ ಏಪ್ರಿಲ್‌ನಲ್ಲಿ ಪ್ರಕಟವಾಯಿತು. ಏಳು ಹಾಡುಗಳಲ್ಲಿ ಕೆಲವು ಬ್ಯಾರೆಟ್ ಇದ್ದಾಗ 1967ರಲ್ಲಿ ಧ್ವನಿಮುದ್ರಣಗೊಂಡವು, ಉಳಿದವು ಅವರಿಲ್ಲದೆ ಮುಗಿದವು. ಹೀಗೆ ಬೇರೆಬೇರೆ ತಿಂಗಳಲ್ಲಿ, ಬೇರೆಬೇರೆ ಕೈಗಳಿಂದ ತಯಾರಾದ ತುಣುಕುಗಳನ್ನು ಒಂದೇ ತಂಡದ ಸಂಗೀತವೆಂದು ನಂಬಿಸುವುದು ಮಿಕ್ಸ್ ಮಾಡುವವರ ಮೇಲೆ ಬಿದ್ದ ಹೊಣೆ. ಈ ನಂಬಿಕೆ ಎಲ್ಲಿ ಗಟ್ಟಿಯಾಗುತ್ತದೆ, ಎಲ್ಲಿ ಸಡಿಲವಾಗುತ್ತದೆ ಎಂಬುದನ್ನೇ ನಾನು ಮುಖ್ಯವಾಗಿ ಗಮನಿಸಿದೆ.

ಆಗಿನ ಇಎಂಐ ಸ್ಟುಡಿಯೊದಲ್ಲಿ ನಾಲ್ಕು ಟ್ರ್ಯಾಕ್‌ಗಳ (ಸದ್ದನ್ನು ಬೇರೆಬೇರೆಯಾಗಿ ಹಿಡಿದಿಡುವ ಸಾಲುಗಳ) ಟೇಪ್ ಯಂತ್ರದ ಮೇಲೆ ಕೆಲಸ ನಡೆಯುತ್ತಿತ್ತು. ನಾಲ್ಕೂ ತುಂಬಿದ ಮೇಲೆ ಅವನ್ನು ಒಂದೆರಡು ಟ್ರ್ಯಾಕ್‌ಗಳಿಗೆ ಇಳಿಸಿ, ಖಾಲಿಯಾದ ಜಾಗದಲ್ಲಿ ಮತ್ತಷ್ಟು ವಾದ್ಯಗಳನ್ನು ಸೇರಿಸುತ್ತಿದ್ದರು. ಹಾಗೆ ಒಮ್ಮೆ ಒಂದಾದ ವಾದ್ಯಗಳನ್ನು ಆಮೇಲೆ ಬಿಡಿಸಲು ಬರುವುದಿಲ್ಲ. ಆದ್ದರಿಂದ ಆ ಕಾಲದ ಸ್ಟೀರಿಯೊದಲ್ಲಿ ವಾದ್ಯಗಳ ಒಂದು ಗುಂಪು ಇಡಿಯಾಗಿ ಒಂದು ಬದಿಯಲ್ಲಿ, ಇನ್ನೊಂದು ಗುಂಪು ಮತ್ತೊಂದು ಬದಿಯಲ್ಲಿ ಕುಳಿತಂತೆ ಕೇಳಿಸುವುದುಂಟು. ಎದುರಿಗೆ ಸ್ಪೀಕರ್‌ಗಳಿದ್ದಾಗ ಎಡಗಡೆಯ ಸದ್ದು ಬಲಗಿವಿಗೂ ಒಂದಿಷ್ಟು ತಲುಪುತ್ತದೆ, ಕೋಣೆಯ ಗೋಡೆಗಳೂ ಅದನ್ನು ಬೆರೆಸುತ್ತವೆ. ಹೆಡ್‌ಫೋನ್‌ನಲ್ಲಿ ಈ ಬೆರಕೆ ನಡೆಯುವುದೇ ಇಲ್ಲ.

ಮೊದಲ ಹಾಡು ‘ಲೆಟ್ ದೇರ್ ಬಿ ಮೋರ್ ಲೈಟ್’ ಶುರುವಾಗುವುದು ರೋಜರ್ ವಾಟರ್ಸ್ ಅವರ ಬಾಸ್ ಗಿಟಾರಿನ ಓಟದಿಂದ. ಬಾಸ್ ಗಿಟಾರಿನ ತೀರ ಮಂದ್ರದ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಂಗೈಯಷ್ಟಿರುವ ಬ್ಲೂಟೂತ್ ಸ್ಪೀಕರ್‌ಗೆ ಅದನ್ನು ನುಡಿಸುವ ಶಕ್ತಿಯಿಲ್ಲ. ಅದರಿಂದ ಹೊರಡುವುದು ಮೇಲಿನ ಸ್ವರಾಂಶಗಳು ಮಾತ್ರವಾದ್ದರಿಂದ ಬಾಸ್ ಒಂದು ಬಗೆಯ ಕಟಕಟ ಸದ್ದಾಗಿ ಉಳಿಯಿತು. ಸಣ್ಣ ಸ್ಪೀಕರ್ ಹೇಗೂ ಒಂದೇ ತಾನೆ, ಅದರಲ್ಲಿ ಕೇಳಿದರೆ ಮೋನೊ ಕೇಳಿದಂತೆಯೇ ಆಯಿತಲ್ಲ ಎಂದು ಕೆಲವರು ವಾದಿಸುವುದುಂಟು. ಇದು ಸರಿಯಲ್ಲ. ಅಂತಹ ಸ್ಪೀಕರ್ ಮಾಡುವುದು ಸ್ಟೀರಿಯೊದ ಎರಡು ಬದಿಗಳನ್ನು ಕೂಡಿಸುವ ಕೆಲಸವನ್ನಷ್ಟೇ. ಹಾಗೆ ಕೂಡಿಸಿದಾಗ ಎರಡೂ ಬದಿಗಳಲ್ಲಿ ಸಮನಾಗಿದ್ದ ಸದ್ದು ಅಗತ್ಯಕ್ಕಿಂತ ಮುಂದೆ ಬರುತ್ತದೆ, ಅಂಚಿನಲ್ಲಿದ್ದದ್ದು ಹಿಂದೆ ಸರಿಯುತ್ತದೆ. ಮೋನೊ ಮಿಕ್ಸ್ ಎಂಬುದು ಒಂದೇ ಸ್ಪೀಕರನ್ನು ಮನಸ್ಸಿನಲ್ಲಿಟ್ಟುಕೊಂಡು, ಪ್ರತಿ ವಾದ್ಯದ ಪ್ರಮಾಣವನ್ನು ಬೇರೆಯಾಗಿಯೇ ನಿರ್ಧರಿಸಿ ಮಾಡಿದ ಕೆಲಸ. ಈ ಮೊದಲ ಹಾಡಿನಲ್ಲೇ ಸಣ್ಣ ಸ್ಪೀಕರ್ ನನ್ನ ಲೆಕ್ಕದಿಂದ ಬಹುಮಟ್ಟಿಗೆ ಹೊರಗೆ ಹೋಯಿತು.

ಉಳಿದ ಮೂರರಲ್ಲಿ ಮೋನೊ ಎಲ್‌ಪಿ ಈ ಹಾಡಿಗೆ ಚೆನ್ನಾಗಿ ಒಪ್ಪಿತು. ತಂಡದ ಕೀಬೋರ್ಡ್ ವಾದಕ ರಿಚರ್ಡ್ ರೈಟ್ ಅವರ ಮೆಲುದನಿಯ ಸಾಲುಗಳೂ ಗಿಲ್ಮೋರ್ ಅವರ ಏರುದನಿಯ ಸಾಲುಗಳೂ ಸರದಿಯಲ್ಲಿ ಬರುವ ಈ ಹಾಡಿನಲ್ಲಿ ಬಾಸ್, ಡ್ರಮ್ಸ್, ಆರ್ಗನ್ ಮೂರೂ ಒಂದೇ ಕಡೆಯಿಂದ ಒಟ್ಟಾಗಿ ನುಗ್ಗಿ ಬಂದಾಗ ಒಂದು ತಂಡ ಒಂದೇ ಕೋಣೆಯಲ್ಲಿ ನುಡಿಸುತ್ತಿದೆ ಎಂಬ ಭಾವನೆ ಬರುತ್ತದೆ. ಹೆಡ್‌ಫೋನ್‌ನಲ್ಲಿ ಅದೇ ಹಾಡು ಬಿಡಿಸಿಟ್ಟ ಗಡಿಯಾರದಂತೆ ತನ್ನ ಭಾಗಗಳನ್ನೆಲ್ಲ ತೋರಿಸುತ್ತದೆ; ಯಾರು ಏನು ನುಡಿಸಿದರೆಂದು ಕಲಿಯುವವರಿಗೆ ಒಳ್ಳೆಯದು, ಹಾಡಿನ ರಭಸ ಬೇಕೆನ್ನುವವರಿಗೆ ಅಷ್ಟಕ್ಕಷ್ಟೆ. ರೈಟ್ ಬರೆದ ‘ರಿಮೆಂಬರ್ ಎ ಡೇ’ ಬಗ್ಗೆಯೂ ನನ್ನ ಅಭಿಪ್ರಾಯ ಹೆಚ್ಚುಕಡಿಮೆ ಇದೇ. ಅದರಲ್ಲಿ ಡ್ರಮ್ಸ್ ನುಡಿಸಿದವರು ತಂಡದ ಡ್ರಮ್ಸ್ ವಾದಕ ನಿಕ್ ಮೇಸನ್ ಅಲ್ಲ, ನಿರ್ಮಾಪಕ ನಾರ್ಮನ್ ಸ್ಮಿತ್ ಎಂಬುದು ತಿಳಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಡ್ರಮ್ಸ್ ಒಂದನ್ನೇ ಹಿಂಬಾಲಿಸುವ ಚಪಲ ನನ್ನನ್ನು ಬಿಡಲಿಲ್ಲ. ಬ್ಯಾರೆಟ್ ಅವರ ಜಾರುಗಿಟಾರ್ (ಸ್ಲೈಡ್ ಗಿಟಾರ್) ಮಾತ್ರ ಯಾವ ರೂಪದಲ್ಲಿ ಕೇಳಿದರೂ ಹಾಡಿನ ಮೇಲೆ ತೇಲುತ್ತಲೇ ಇರುತ್ತದೆ.

‘ಸೆಟ್ ದ ಕಂಟ್ರೋಲ್ಸ್ ಫಾರ್ ದ ಹಾರ್ಟ್ ಆಫ್ ದ ಸನ್’ ಈ ಹೋಲಿಕೆಯಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟ ಹಾಡು. ಐವರು ಸದಸ್ಯರ ಕೈಯೂ ಇರುವ ಹಾಡು ಇದೊಂದೇ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಟಾಂಗ್ ರಾಜವಂಶದ ಕಾಲದ ಚೀನೀ ಕವಿತೆಗಳ ಇಂಗ್ಲಿಷ್ ಅನುವಾದದಿಂದ ವಾಟರ್ಸ್ ಎತ್ತಿಕೊಂಡ ಸಾಲುಗಳಿರುವ ಈ ಹಾಡನ್ನು ಅವರು ಹೆಚ್ಚುಕಡಿಮೆ ಪಿಸುದನಿಯಲ್ಲಿ ಹಾಡುತ್ತಾರೆ. ಮೇಸನ್ ಕೋಲುಗಳನ್ನು ಬಿಟ್ಟು ಮೆತ್ತನೆಯ ತುದಿಯ ಬಡಿಗೆಗಳಿಂದ ಡ್ರಮ್ಸ್ ನುಡಿಸುತ್ತಾರೆ. ಬಾಸ್‌ನ ಒಂದೇ ಸ್ವರಪುಂಜ ಸುತ್ತಿ ಸುತ್ತಿ ಬರುತ್ತದೆ, ರಾಗ ತನ್ನ ಆಧಾರಸ್ವರವನ್ನು ಬಿಟ್ಟು ದೂರ ಹೋಗುವುದೇ ಇಲ್ಲ. ತಂಬೂರಿಯ ಶ್ರುತಿಗೆ ಒಗ್ಗಿದ ನಮ್ಮ ಕಿವಿಗೆ, ಪಾಶ್ಚಾತ್ಯ ರಾಕ್‌ನ ಪರಿಚಯ ಅಷ್ಟಾಗಿ ಇಲ್ಲದಿದ್ದರೂ, ಈ ಹಾಡು ಬೇಗ ಹತ್ತಿರವಾಗಲು ಇದೇ ಕಾರಣವಿರಬೇಕು. ಇಲ್ಲಿ ಹೆಡ್‌ಫೋನ್ ಗೆದ್ದಿತು. ಪಿಸುದನಿಯ ಉಸಿರು, ಬಡಿಗೆ ಚರ್ಮದ ಮೇಲೆ ಬಿದ್ದು ಏಳುವ ಮೆತ್ತನೆಯ ಸದ್ದು, ಮಧ್ಯದಲ್ಲಿ ಆರ್ಗನ್ ನಿಧಾನವಾಗಿ ಹಬ್ಬುವ ರೀತಿ, ಇವು ಸ್ಪೀಕರ್‌ನಲ್ಲಿ ಬೀದಿಯ ಗದ್ದಲದೊಂದಿಗೆ ಸ್ಪರ್ಧಿಸಬೇಕಾಗುತ್ತದೆ. ನಸುಕಿನಲ್ಲಿ, ಊರು ಏಳುವ ಮೊದಲು ಕೇಳುವುದಾದರೆ ಸ್ಪೀಕರ್ ಕೂಡ ಸಾಕು. ಮೋನೊ ಎಲ್‌ಪಿಯಲ್ಲಿ ಇದೇ ಹಾಡು ನನಗೆ ಸ್ವಲ್ಪ ಕಿರಿದಾಗಿ ಕೇಳಿಸಿತು. ಹಾಡಿಗೆ ಬೇಕಾದ ದೂರ ಅದರಲ್ಲಿ ಕಾಣಿಸಲಿಲ್ಲ.

ಮೊದಲ ಬದಿಯ ಕೊನೆಯ ಹಾಡು ‘ಕಾರ್ಪೊರಲ್ ಕ್ಲೆಗ್’. ಯುದ್ಧದಿಂದ ಮರಳಿದ ಸೈನಿಕನ ಬಗೆಗಿನ ಈ ವ್ಯಂಗ್ಯದ ಹಾಡಿನಲ್ಲಿ ಕಜೂ ಎಂಬ ಪೀಪಿಯಂತಹ ವಾದ್ಯ ಬೇಕೆಂದೇ ಅಪಸ್ವರದಂತೆ ಕೂಗುತ್ತದೆ. ಮೋನೊದಲ್ಲಿ ಜೋರಾಗಿ ಕೇಳಿದರೆ ಚೆನ್ನ, ಹೆಡ್‌ಫೋನ್‌ನಲ್ಲಿ ತಲೆನೋವು. ಇದಕ್ಕಿಂತ ಹೆಚ್ಚು ಹೇಳುವಂಥದ್ದು ಅದರಲ್ಲಿ ನನಗೆ ಸಿಗಲಿಲ್ಲ.

ಈ ಹಾಡು ಮುಗಿದ ಕೂಡಲೇ ಎಲ್‌ಪಿ ಕೇಳುವವರು ಎದ್ದು ಹೋಗಿ ತಟ್ಟೆಯನ್ನು ಮಗುಚಿ ಹಾಕಬೇಕು. ಸಿ.ಡಿ.ಯಲ್ಲೂ ಆ್ಯಪ್‌ನಲ್ಲೂ ಈ ಬಿಡುವಿಲ್ಲ. ಕ್ಲೆಗ್‌ನ ಗದ್ದಲ ಅಡಗಿದ ಎರಡು ಸೆಕೆಂಡಿಗೆ ಆಲ್ಬಂನ ಶೀರ್ಷಿಕೆಯ ಕೃತಿ ಆರಂಭವಾಗಿಬಿಡುತ್ತದೆ. ಸುಮಾರು 12 ನಿಮಿಷದ, ಮಾತೇ ಇಲ್ಲದ ಈ ಕೃತಿ ಬಹುತೇಕ ಕೇಳಿಸದಷ್ಟು ಮೆಲ್ಲಗೆ, ತಾಳದ ತಟ್ಟೆಯಂತಹ ಸಿಂಬಲ್‌ನ ಬಳಿಯಲ್ಲೇ ಮೈಕ್ ಇಟ್ಟು ಹಿಡಿದ ಝೇಂಕಾರದಿಂದ ಶುರುವಾಗುತ್ತದೆ. ಹಿಂದಿನ ಹಾಡಿನ ಕೂಗು ಕಿವಿಯಲ್ಲಿ ಇನ್ನೂ ಇರುವಾಗ ಈ ಝೇಂಕಾರ ಕೇಳಿಸುವುದೇ ಇಲ್ಲ. ಆದ್ದರಿಂದ ಸಿ.ಡಿ. ಕೇಳುವಾಗಲೂ ಇಲ್ಲಿ ನಿಲ್ಲಿಸಿ, ಒಂದೆರಡು ನಿಮಿಷ ಬಿಟ್ಟು ಮುಂದುವರಿಯುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ.

ಆದರೆ ಎಲ್‌ಪಿಗೂ ಇದೇ ಜಾಗದಲ್ಲಿ ಒಂದು ತೊಡಕುಂಟು. ಬದಿಯ ಮೊದಲ ಗೀರುಗಳಲ್ಲಿ ಧೂಳು ಹೆಚ್ಚು, ಸಂಗೀತ ಕಡಿಮೆ. ಬೇಸಗೆಯ ಒಣಹವೆಯಲ್ಲಿ ತಟ್ಟೆಯ ಮೇಲೆ ಸ್ಥಾಯೀ ವಿದ್ಯುತ್ತು ಸೇರಿ, ಮುಳ್ಳು ಇಳಿಸಿದ ಕ್ಷಣದಿಂದ ಚಟಪಟ ಶುರುವಾಗುತ್ತದೆ. ಮಳೆಗಾಲದಲ್ಲಿ ಅದು ಗಣನೀಯವಾಗಿ ತಗ್ಗಿದ್ದನ್ನು ಗಮನಿಸಿದ್ದೇನೆ. ಬ್ರಷ್ ಆಡಿಸಿ ಮುಳ್ಳು ಇಳಿಸಿದರೂ ಮೊದಲ ನಿಮಿಷದ ಸಿಂಬಲ್ ಮತ್ತು ಚಟಪಟ ಎರಡೂ ಒಂದರೊಳಗೊಂದು ಸೇರಿಕೊಳ್ಳುತ್ತವೆ. ಸಿ.ಡಿ.ಯಲ್ಲಿ ಆ ನಿಮಿಷ ಸ್ವಚ್ಛವಾಗಿದೆ, ಸಿಂಬಲ್‌ನ ಲೋಹ ಎಲ್ಲಿಂದ ಎಲ್ಲಿಗೆ ಕಂಪಿಸುತ್ತಿದೆ ಎಂಬುದೂ ತಿಳಿಯುತ್ತದೆ.

ವಾಟರ್ಸ್ ಮತ್ತು ಮೇಸನ್ ಇಬ್ಬರೂ ವಾಸ್ತುಶಿಲ್ಪದ ವಿದ್ಯಾರ್ಥಿಗಳಾಗಿದ್ದವರು. ಈ ಕೃತಿಯನ್ನು ಅವರು ಸ್ವರಲಿಪಿಯಲ್ಲಿ ಬರೆಯದೆ, ಏರಿಳಿತಗಳ ನಕ್ಷೆಯಾಗಿ ಕಾಗದದ ಮೇಲೆ ಗೆರೆ ಎಳೆದು ಯೋಜಿಸಿದರೆಂದು ಗಿಲ್ಮೋರ್ ಹೇಳಿದ್ದಾರೆ. ಮೊದಲು ಉದ್ವೇಗ ಕೂಡುತ್ತದೆ. ನಂತರ ಮೇಸನ್ ಅವರ ಡ್ರಮ್ಸ್ ಟೇಪ್ ತುಣುಕು ಮತ್ತೆ ಮತ್ತೆ ಸುತ್ತುತ್ತಿರುವಾಗ ಪಿಯಾನೊ, ಸಿಂಬಲ್, ಗಿಟಾರುಗಳ ರಣರಂಪ ನಡೆಯುತ್ತದೆ. ಅದು ಅಡಗಿದ ಮೇಲೆ ಆರ್ಗನ್ ಒಂದು ಚರ್ಚಿನ ಪ್ರಾರ್ಥನೆಯಂತೆ ಎದ್ದು, ಕೊನೆಗೆ ಮೆಲೊಟ್ರಾನ್ (ಟೇಪಿನಲ್ಲಿ ಹಿಡಿದ ಸದ್ದುಗಳನ್ನು ನುಡಿಸುವ ಕೀಬೋರ್ಡ್) ಮತ್ತು ಪದಗಳಿಲ್ಲದ ದನಿಗಳು ಅದರೊಡನೆ ಸೇರುತ್ತವೆ. ರಣರಂಪದ ಭಾಗದಲ್ಲಿ ಗಿಲ್ಮೋರ್ ಗಿಟಾರನ್ನು ನೆಲದ ಮೇಲೆ ಮಲಗಿಸಿ, ಮೈಕ್ ಸ್ಟ್ಯಾಂಡಿನ ಕಾಲಿನಿಂದ ತಂತಿಗಳನ್ನು ಉಜ್ಜಿದರಂತೆ. ಈ ಭಾಗವನ್ನು ಮೋನೊದಲ್ಲಿ ಕೇಳಿದಾಗ ಎಲ್ಲವೂ ಒಂದೇ ಬಾಗಿಲಿನಿಂದ ಹೊರಬರಲು ನೂಕಾಡಿದವು. ಪಿಯಾನೊ ಯಾವುದು, ತಂತಿಯ ಕಿರುಚು ಯಾವುದು ಎಂದು ಬೇರ್ಪಡಿಸಲು ನನಗೆ ಆಗಲಿಲ್ಲ. ಸ್ಟೀರಿಯೊದಲ್ಲಿ, ಎರಡು ಸ್ಪೀಕರ್‌ಗಳ ನಡುವೆ ಸರಿಯಾದ ಜಾಗದಲ್ಲಿ ಕುಳಿತಾಗ, ಅದೇ ಗದ್ದಲಕ್ಕೆ ಅಗಲ ಸಿಕ್ಕಿ ಒಳಗಿನ ಲಯ ತೋರಿತು. ಪ್ರಾರ್ಥನೆಯ ಭಾಗಕ್ಕಂತೂ ಹೆಡ್‌ಫೋನಿಗಿಂತ ಸ್ಪೀಕರೇ ವಾಸಿ: ಆರ್ಗನ್ನಿನ ಮಂದ್ರಸ್ವರಗಳು ಕೋಣೆಯ ಗಾಳಿಯನ್ನು ತುಂಬಬೇಕು, ಎದೆಗೆ ತಾಗಬೇಕು. ಇಡೀ ಹೋಲಿಕೆಯಲ್ಲಿ ಸ್ಟೀರಿಯೊ ಸ್ಪೀಕರ್‌ಗಳು ನಿರ್ವಿವಾದವಾಗಿ ಮುಂದಿದ್ದದ್ದು ಇಲ್ಲಿಯೇ, ಮತ್ತು ಆಲ್ಬಂನ ತಿರುಳು ಈ ಕೃತಿಯಾದ್ದರಿಂದ ಈ ಒಂದು ಗೆಲುವು ಮೊದಲ ಬದಿಯ ಸೋಲುಗಳಿಗಿಂತ ತೂಕದ್ದು.

ಇದೇ ಕೃತಿಯ ವೇದಿಕೆಯ ರೂಪ ತಂಡದ 1969ರ ಆಲ್ಬಂ ‘ಉಮ್ಮಗುಮ್ಮ’ದಲ್ಲಿದೆ. ಅಲ್ಲಿ ದನಿಗಳ ಮೇಳದ ಬದಲು ಗಿಲ್ಮೋರ್ ಒಬ್ಬರೇ ಕೊನೆಯ ಭಾಗವನ್ನು ಆಲಾಪಿಸುತ್ತಾರೆ. ನನಗೆ ಅದು ಸ್ಟುಡಿಯೊ ರೂಪಕ್ಕಿಂತ ಹೆಚ್ಚು ಪ್ರಿಯ. ಆದರೆ ಆರಂಭದ ಸಿಂಬಲ್‌ನ ಸೂಕ್ಷ್ಮ ಸ್ಟುಡಿಯೊದಲ್ಲಿಯೇ ಉತ್ತಮ.

‘ಸೀ-ಸಾ’ ಹಾಡಿಗೆ ತಂಡದವರೇ ಮೊದಲಿಗೆ ‘ಎರಡನ್ನು ಬಿಟ್ಟರೆ ನಾನು ಕೇಳಿದ ಅತಿ ನೀರಸ ಹಾಡು’ ಎಂಬರ್ಥದ ತಾತ್ಕಾಲಿಕ ಹೆಸರಿಟ್ಟಿದ್ದರಂತೆ. ಅಷ್ಟು ನಿಷ್ಠುರವಾಗುವ ಅಗತ್ಯವಿಲ್ಲ, ಹೆಡ್‌ಫೋನ್‌ನಲ್ಲಿ ಅದರ ಮೆಲೊಟ್ರಾನ್ ಹಿತವಾಗಿದೆ.

ಕೊನೆಯದು ಬ್ಯಾರೆಟ್ ಬರೆದು ಹಾಡಿದ ‘ಜಗ್‌ಬ್ಯಾಂಡ್ ಬ್ಲೂಸ್’, ಆಲ್ಬಂನಲ್ಲಿ ಅವರ ರಚನೆ ಇದೊಂದೇ. 1967ರ ಅಕ್ಟೋಬರ್‌ನಲ್ಲಿ ಕ್ರೈಸ್ತ ಸೇವಾಸಂಸ್ಥೆ ಸ್ಯಾಲ್ವೇಶನ್ ಆರ್ಮಿಯ ಬ್ಯಾಂಡ್‌ಸೆಟ್ಟನ್ನು ಸ್ಟುಡಿಯೊಗೆ ಕರೆಸಿ, ಮನಸ್ಸಿಗೆ ಬಂದದ್ದನ್ನು ನುಡಿಸಿ ಎಂದು ಬ್ಯಾರೆಟ್ ಹೇಳಿದರು. ಬರೆದು ಕೊಟ್ಟದ್ದನ್ನು ನುಡಿಸಲಿ ಎಂದವರು ನಾರ್ಮನ್ ಸ್ಮಿತ್. ಹಾಡಿನ ನಡುವೆ ಆ ಬ್ಯಾಂಡ್‌ಸೆಟ್ ಬಂದು, ಥಟ್ಟನೆ ಮುರಿದು, ಒಂದು ಗಿಟಾರ್ ಮತ್ತು ಒಂದು ದನಿ ಮಾತ್ರ ಉಳಿದು, ಹಾಡು ಪ್ರಶ್ನೆಯೊಂದಿಗೆ ಮುಗಿಯುತ್ತದೆ. ಎಲ್‌ಪಿಯಲ್ಲಿ ಇದು ತಟ್ಟೆಯ ಒಳಭಾಗದಲ್ಲಿದೆ. ತಟ್ಟೆ ಒಂದೇ ವೇಗದಲ್ಲಿ ತಿರುಗಿದರೂ ಒಳಗಿನ ಸುತ್ತು ಚಿಕ್ಕದಾದ್ದರಿಂದ ಮುಳ್ಳಿನ ಕೆಳಗೆ ಒಂದು ಸೆಕೆಂಡಿಗೆ ಹಾದುಹೋಗುವ ಗೀರಿನ ಉದ್ದ ಕಡಿಮೆ, ಹಾಗಾಗಿ ಹಿತ್ತಾಳೆ ವಾದ್ಯಗಳ ಚೂಪು ತುಸು ಒರಟಾಗುತ್ತದೆ. ಬದಿಯ ಒಟ್ಟು ಅವಧಿ 20 ನಿಮಿಷದೊಳಗೇ ಇರುವುದರಿಂದ ಈ ಒರಟುತನ ಸಹಿಸಲಾಗದಷ್ಟೇನೂ ಇಲ್ಲ, ಈ ಹಾಡಿಗೆ ಅದು ಹೊಂದುತ್ತದೆ ಎಂದು ಕೂಡ ಅನಿಸಿತು. ಮೋನೊದಲ್ಲಿ ಬ್ಯಾರೆಟ್ ದನಿ ನಮ್ಮೆದುರಿಗೇ ನಿಂತಷ್ಟು ಹತ್ತಿರ. ನಾನು ಈ ಹಾಡನ್ನು ಮೋನೊದಲ್ಲಿ ಕೇಳಲು ಬಯಸುತ್ತೇನೆ. ಆ್ಯಪ್‌ನಲ್ಲಿ ಕೇಳುವವರು ಆಲ್ಬಂ ಮುಗಿದ ಮೇಲೆ ತಾನಾಗಿ ಬೇರೆ ಹಾಡು ಶುರುವಾಗುವ ಸೌಲಭ್ಯವನ್ನು ಮೊದಲೇ ನಿಲ್ಲಿಸಿಡುವುದು ಒಳ್ಳೆಯದು. ನನ್ನ ಮೊಬೈಲ್‌ನಲ್ಲಿ ಬ್ಯಾರೆಟ್ ಪ್ರಶ್ನೆ ಮುಗಿಯುವಷ್ಟರಲ್ಲಿ ಇದೇ ತಂಡದ ಐದು ವರ್ಷ ಈಚಿನ ಪ್ರಸಿದ್ಧ ಹಾಡೊಂದು ಬಂದು ಕುಳಿತಿತು.

ಹೊಸದಾಗಿ ಕೇಳುವವರು ಒಂದನ್ನೇ ಕೊಳ್ಳುವುದಾದರೆ ನಾನು ಹೇಳುವುದು 2011ರ ಸಿ.ಡಿ. ಮತ್ತು ಎರಡು ಸಾಧಾರಣ ಸ್ಪೀಕರ್‌ಗಳು. ಮೋನೊ ಎಲ್‌ಪಿ ಆಮದಿನ ಸರಕು, ದುಬಾರಿ, ಅಂಗಡಿಯಲ್ಲಿ ಎಲ್ಲ ಕಾಲಕ್ಕೂ ಸಿಗುವಂಥದ್ದಲ್ಲ. ಆಲ್ಬಂ ಚೆನ್ನಾಗಿ ಪರಿಚಯವಾಗಿ, ಮೊದಲ ಬದಿಯ ಹಾಡುಗಳು ಏಕೋ ಚದುರಿದಂತಿವೆ ಎಂದು ಅನಿಸತೊಡಗಿದ ಮೇಲೆ ಅದನ್ನು ಹುಡುಕಿದರೆ ಸಾಕು.