ಒಸಿ ಇಲ್ಲದ ಫ್ಲ್ಯಾಟಿಗೆ ಅಡ್ವಾನ್ಸ್ ಕೊಡುವ ಮುನ್ನ ಟೇಪು ಹಿಡಿದು ಹೋಗಿ

ಬೆಂಗಳೂರಿನ ಹೊರವರ್ತುಲ ರಸ್ತೆಯ ಆಚೀಚೆ 40x60 ಸೈಟಿನಲ್ಲಿ ಸ್ಟಿಲ್ಟ್ (ಕಂಬಗಳ ನಡುವಿನ ಪಾರ್ಕಿಂಗ್ ಜಾಗ) ಬಿಟ್ಟು ಐದು ಮಹಡಿ, ಮಹಡಿಗೆ ಎರಡರಂತೆ ಹತ್ತು ಫ್ಲ್ಯಾಟ್. ಗೇಟಿಗೆ ಗ್ರಾನೈಟ್, ಒಳಗೆ ಲಿಫ್ಟು, ಬಾಗಿಲಿಗೆ ಮಾವಿನ ತೋರಣ. ಖರೀದಿ ಪತ್ರ ನೋಂದಣಿಯಾಗಿದೆ, ಖಾತಾ ಇದೆ, ಕಂದಾಯದ ರಸೀದಿ ಇದೆ, ಸಾಲ ಕೊಟ್ಟ ಹಣಕಾಸು ಸಂಸ್ಥೆಯ ವಕೀಲರ ಅಭಿಪ್ರಾಯವೂ ಇದೆ. ಇಲ್ಲದಿರುವುದು ಒಂದೇ: ಕಟ್ಟಡ ನಕ್ಷೆಯಂತೆ ಎದ್ದಿದೆ, ವಾಸಿಸಬಹುದು ಎಂದು ಪಾಲಿಕೆ ಕೊಡುವ ಸ್ವಾಧೀನಾನುಭವ ಪ್ರಮಾಣಪತ್ರ, ಅಂದರೆ ಒಸಿ. ಗೃಹಪ್ರವೇಶ ಮುಗಿಸಿ ಮನೆಗೆ ಬಂದವರು ತಾತ್ಕಾಲಿಕ ಸಂಪರ್ಕದ ದುಬಾರಿ ಕರೆಂಟು ಉರಿಸುತ್ತ, ಟ್ಯಾಂಕರ್ ನೀರು ಹಾಕಿಸಿಕೊಳ್ಳುತ್ತ ಕೂತಿದ್ದಾರೆ. ಮಾರಿದವನು ಫೋನ್ ಎತ್ತುವುದಿಲ್ಲ. ಎತ್ತಿದರೆ "ಆಗುತ್ತೆ ಸಾರ್, ಫೈಲು ಮೂವ್ ಆಗ್ತಿದೆ" ಅನ್ನುತ್ತಾನೆ.

ಆ ಫೈಲು ಮೂವ್ ಆಗುವುದಿಲ್ಲ. ಯಾಕೆ ಎಂಬುದಕ್ಕೆ ಲೆಕ್ಕ ಸಾಕು.

40x60 ಸೈಟು ಅಂದರೆ 2,400 ಚದರಡಿ. 2015ರ ಪರಿಷ್ಕೃತ ಮಹಾಯೋಜನೆಯ ವಲಯ ನಿಯಮಾವಳಿಯಲ್ಲಿ 360 ಚದರ ಮೀಟರ್‌ವರೆಗಿನ ವಸತಿ ನಿವೇಶನಕ್ಕೆ ಸಾಮಾನ್ಯವಾಗಿ ಸಿಗುವ ಎಫ್‌ಎಆರ್ (ನಿವೇಶನದ ಎಷ್ಟು ಪಟ್ಟು ಕಟ್ಟಬಹುದು ಎಂಬ ಅನುಪಾತ) 1.75. ಅಂದರೆ ಎಲ್ಲ ಮಹಡಿ ಸೇರಿ 4,200 ಚದರಡಿ. ನಕ್ಷೆಯಲ್ಲಿ ತೋರಿಸುವುದೂ ಅಷ್ಟೇ: ಸ್ಟಿಲ್ಟ್, ಅದರ ಮೇಲೆ 1,400 ಚದರಡಿಯ ಮೂರು ಮಹಡಿ, ಒಟ್ಟು ನಾಲ್ಕು ಮನೆ. ಕಟ್ಟುವುದು 1,900 ಚದರಡಿಯ ಐದು ಮಹಡಿ, ಅಂದರೆ 9,500. ನಗರದ 2003ರ ಕಟ್ಟಡ ಬೈಲಾದಲ್ಲಿ ಸೆಟ್‌ಬ್ಯಾಕ್ (ಸುತ್ತ ಬಿಡಬೇಕಾದ ಜಾಗ), ವ್ಯಾಪ್ತಿ (ನೆಲದಲ್ಲಿ ಕಟ್ಟಡ ಆವರಿಸುವ ಪಾಲು), ಎಫ್‌ಎಆರ್, ಎತ್ತರ ಇವುಗಳಲ್ಲಿ ಆಯುಕ್ತರು ಮನ್ನಿಸಬಹುದಾದ ಉಲ್ಲಂಘನೆ ಶೇ 5. ಈ ಕಟ್ಟಡದ ಮಟ್ಟಿಗೆ ಅದು 210 ಚದರಡಿ, ಒಂದು ದೊಡ್ಡ ಬೆಡ್‌ರೂಮಿನಷ್ಟು. ಹೆಚ್ಚುವರಿಯಾಗಿ ಎದ್ದಿರುವುದು 5,300. ಯಾವ ಅಧಿಕಾರಿ ಸಹಿ ಹಾಕಬೇಕೆಂದರೂ ದಾರಿಯಿಲ್ಲ.

ಎತ್ತರದ್ದು ಇನ್ನೂ ಮಜಾ. ಅದೇ ನಿಯಮಾವಳಿಯ ಮೂಲ ಕೋಷ್ಟಕದಲ್ಲಿ ಕಟ್ಟಡ 11.5 ಮೀಟರ್ ದಾಟಿದರೆ ನಾಲ್ಕೂ ಕಡೆ ಕನಿಷ್ಠ 5 ಮೀಟರ್ ಜಾಗ ಬಿಡಬೇಕು. 40 ಅಡಿ ಅಂದರೆ 12.2 ಮೀಟರ್. ಎಡಕ್ಕೆ 5, ಬಲಕ್ಕೆ 5 ಬಿಟ್ಟರೆ ಕಟ್ಟಲು ಉಳಿಯುವುದು 2.2 ಮೀಟರ್, ಅಂದರೆ ಬಚ್ಚಲುಮನೆಯ ಅಗಲ. ಇಂಥ ಸೈಟಿನಲ್ಲಿ ಐದು ಮಹಡಿಗೆ ನಕ್ಷೆಯೇ ಹುಟ್ಟುವುದಿಲ್ಲ, ಹಾಗಾಗಿ ಒಸಿಯೂ ಹುಟ್ಟುವುದಿಲ್ಲ. ನಿಯಮಗಳಿಗೆ ಆಗಾಗ ತಿದ್ದುಪಡಿ ಬರುವುದು ನಿಜ. ನಿಮ್ಮ ಕಟ್ಟಡಕ್ಕೆ ಅನ್ವಯಿಸುವ ಅಂಕಿ ಮಂಜೂರಾದ ನಕ್ಷೆಯ ಮೇಲೆಯೇ ಅಚ್ಚಾಗಿರುತ್ತದೆ, ಅದನ್ನೇ ಹಿಡಿದುಕೊಳ್ಳಿ.

ಇಷ್ಟಾಗುವವರೆಗೆ ಸರ್ಕಾರ ಏನು ಮಾಡುತ್ತಿತ್ತು ಎಂದು ಕೇಳುವವರಿದ್ದಾರೆ. ನಕ್ಷೆ ಮಂಜೂರು ಮಾಡುವುದು ನಗರ ಯೋಜನಾ ವಿಭಾಗ. ಕಟ್ಟುವಾಗ ನೋಡಬೇಕಾದ್ದು ವಾರ್ಡಿನ ಎಂಜಿನಿಯರು. ಮೊದಲಿನವರು ಸೀಲು ಒತ್ತಿದ ಮೇಲೆ ಆ ಕಡೆ ತಲೆ ಹಾಕುವುದಿಲ್ಲ, ಎರಡನೆಯವರ ಕೈಯಲ್ಲಿ ರಸ್ತೆ ಗುಂಡಿ, ಚರಂಡಿ, ಕಸ ಎಲ್ಲ ಇರುತ್ತದೆ. 2024ರಲ್ಲಿ ಬಂದ 'ನಂಬಿಕೆ ನಕ್ಷೆ'ಯಲ್ಲಿ 50x80ವರೆಗಿನ ಸೈಟಿನ ಮನೆಗಳಿಗೆ ಪಟ್ಟಿಯಲ್ಲಿರುವ ಖಾಸಗಿ ವಾಸ್ತುಶಿಲ್ಪಿ, ಎಂಜಿನಿಯರುಗಳ ಮೂಲಕವೇ ತಾತ್ಕಾಲಿಕ ಮಂಜೂರಾತಿ ಸಿಗುತ್ತದೆ. ಅಲೆದಾಟ ತಪ್ಪಿತು, ಒಳ್ಳೆಯದೇ. ಆದರೆ ನಂಬಿಕೆ ಇಟ್ಟದ್ದು ನಕ್ಷೆಯ ಮೇಲೆ ಮಾತ್ರ, ಪಾಯದ ಮೇಲೆ ಏನೇಳುತ್ತಿದೆ ಎಂದು ನೋಡುವ ಕಣ್ಣು ಹೆಚ್ಚಾಗಲಿಲ್ಲ.

ಯಾರೋ ದೂರು ಕೊಟ್ಟರು ಅಂದುಕೊಳ್ಳಿ. ಸ್ಥಳ ಪರಿಶೀಲನೆ, ಮಹಜರು, ತಾತ್ಕಾಲಿಕ ಆದೇಶ, ಮಾಲೀಕನ ಉತ್ತರ, ಆಮೇಲೆ ದೃಢೀಕರಣ ಆದೇಶ. ಮೊದಲು ಪೌರಸಭಾ ನಿಗಮಗಳ ಕಾಯ್ದೆಯ 321ನೇ ಕಲಂ, ನಂತರ 2020ರ ಬಿಬಿಎಂಪಿ ಕಾಯ್ದೆಯ 248ನೇ ಕಲಂ, ಈಗ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ. ಕಲಂ ಬದಲಾಯಿತು, ಮೆಟ್ಟಿಲುಗಳು ಹೆಚ್ಚುಕಡಿಮೆ ಅವೇ. ದೃಢೀಕರಣ ಆದೇಶ ಕೈಸೇರಿದ ಕೂಡಲೇ ಮಾಲೀಕ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಿ ತಡೆಯಾಜ್ಞೆ ತರುತ್ತಾನೆ. ಆ ತಡೆಯಾಜ್ಞೆಯ ನೆರಳಲ್ಲೇ ಹತ್ತೂ ಫ್ಲ್ಯಾಟು ಮಾರಾಟವಾಗುತ್ತವೆ. ಕೆಡವುವ ಆದೇಶ ಇರುವುದು ಋಣಭಾರ ಪ್ರಮಾಣಪತ್ರದಲ್ಲಿ, ಅಂದರೆ ಇಸಿಯಲ್ಲಿ, ಕಾಣುವುದಿಲ್ಲ, ಯಾಕೆಂದರೆ ಇಸಿ ತೋರಿಸುವುದು ನೋಂದಣಿಯಾದ ವ್ಯವಹಾರಗಳನ್ನು ಮಾತ್ರ. ಮೂವತ್ತು ವರ್ಷದ ಇಸಿ ಚೊಕ್ಕಟವಾಗಿದೆ ಎಂದು ನಿಶ್ಚಿಂತೆಯಿಂದ ಕೊಂಡವರು ಎಡವಿದ್ದು ಇಲ್ಲೇ.

ಒಸಿ ಇಲ್ಲದಿರುವುದು ಬರೀ ಕಾಗದದ ತೊಂದರೆ ಅನ್ನುವವರಿಗೆ ಒಂದು ಮಾತು. 2024ರ ಅಕ್ಟೋಬರ್ 22ರಂದು ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಮಳೆಯ ನಡುವೆ ಕುಸಿದು ಕಾರ್ಮಿಕರು ಸತ್ತರು. ಅಲ್ಲಿಯೂ ಅನುಮತಿ ಇದ್ದದ್ದು ಕಡಿಮೆ ಮಹಡಿಗೆ, ಎದ್ದದ್ದು ಹೆಚ್ಚು. ಕಾಂಕ್ರೀಟ್ ಚೌಕಟ್ಟಿನ ಮನೆಗೆ ಎಂಜಿನಿಯರುಗಳು ಹಾಕುವ ಅಂದಾಜು ಲೆಕ್ಕ ಚದರ ಮೀಟರಿಗೆ ಸುಮಾರು ಒಂದು ಟನ್. 1,900 ಚದರಡಿಯ ಒಂದು ಮಹಡಿ ಅಂದರೆ 176 ಚದರ ಮೀಟರ್. ನಕ್ಷೆಯಲ್ಲಿಲ್ಲದ ಎರಡು ಮಹಡಿ ಸೇರಿಸಿದರೆ ಸುಮಾರು 350 ಟನ್. ಹನ್ನೆರಡು ಕಾಲಂ ಇದ್ದರೆ ಒಂದೊಂದರ ತಲೆಯ ಮೇಲೂ ಹತ್ತಿರ ಹತ್ತಿರ 30 ಟನ್ ಹೆಚ್ಚು ಭಾರ. ಫುಟಿಂಗ್ ಮೂರು ಮಹಡಿಗೆ ಹಾಕಿದ್ದರೆ ಅದು ಮಣ್ಣಿಗೆ ಒತ್ತಿ ಕೂರುತ್ತದೆ. ಎಲ್ಲ ಕಾಲಂ ಸಮವಾಗಿ ಕೂತರೆ ಪುಣ್ಯ. ಒಂದು ಮೂಲೆ ಹೆಚ್ಚು ಕೂತರೆ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ಪೇಂಟು ಬಳಿಯುವ ಮುಂಚೆ ಪುಟ್ಟಿ ತುಂಬಿ ಮುಚ್ಚುವುದು ಅದನ್ನೇ. ಹೊಸ ಕಟ್ಟಡದಲ್ಲಿ ಕಿಟಕಿ ಮೂಲೆಯ ಪ್ಲಾಸ್ಟರ್ ಮೇಲೆ ಬೇರೆ ಬಣ್ಣದ ಪಟ್ಟಿ ಕಂಡರೆ ಸ್ಟ್ರಕ್ಚರಲ್ ಡ್ರಾಯಿಂಗ್ ಕೇಳಿ. ಅದರ ಮೇಲೆ ಎಷ್ಟು ಮಹಡಿಗೆ ವಿನ್ಯಾಸ ಎಂದು ಬರೆದಿರುತ್ತದೆ.

"ಅಕ್ರಮ ಸಕ್ರಮ ಬರುತ್ತೆ ಸಾರ್, ದಂಡ ಕಟ್ಟಿದರೆ ಆಯ್ತು" ಎಂಬ ಭರವಸೆಗೆ ಮರುಳಾಗಬೇಡಿ. ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆ ಕೊಟ್ಟಿತು. ತಡೆ ಇಲ್ಲದಿದ್ದರೂ ಆ ನಿಯಮದಲ್ಲಿ ವಸತಿ ಕಟ್ಟಡಕ್ಕೆ ಇದ್ದ ಮಿತಿ ಶೇ 50. ಮೇಲಿನ ಕಟ್ಟಡದ ಉಲ್ಲಂಘನೆ ಶೇ 126.

ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಅಂದರೆ ರೇರಾ ಇದೆಯಲ್ಲ ಎಂದರೆ, ಈ ಗಾತ್ರದ ಕಟ್ಟಡಗಳು ಹುಟ್ಟುವುದೇ ರೇರಾದ ಕಣ್ಣು ತಪ್ಪಿಸಲು. 500 ಚದರ ಮೀಟರ್ ಮೀರದ ಜಾಗ ಅಥವಾ ಎಂಟು ಮೀರದ ಮನೆ ಇದ್ದರೆ ನೋಂದಣಿ ಬೇಡ ಎಂಬುದು 2016ರ ಕಾಯ್ದೆಯ ಮೂರನೇ ಕಲಂ. 500 ಚದರ ಮೀಟರ್ ಅಂದರೆ ಸುಮಾರು 5,380 ಚದರಡಿ. 30x40, 40x60, 50x80 ಎಲ್ಲವೂ ಅದರೊಳಗೆ. ನಕ್ಷೆಯಲ್ಲಿ ನಾಲ್ಕು ಮನೆ ತೋರಿಸಿದರೆ ಎರಡೂ ಷರತ್ತು ಪಾಸು. ರೇರಾ ನೋಂದಣಿ ಇರುವ ಯೋಜನೆಯಲ್ಲಿ ಕೊಳ್ಳುವವರ ಹಣದ ಶೇ 70 ಪ್ರತ್ಯೇಕ ಖಾತೆಗೆ ಹೋಗಬೇಕು, ನೋಂದಾಯಿತ ಕರಾರು ಆಗುವವರೆಗೆ ಶೇ 10ಕ್ಕಿಂತ ಹೆಚ್ಚು ಅಡ್ವಾನ್ಸ್ ತೆಗೆದುಕೊಳ್ಳುವಂತಿಲ್ಲ, ರಚನಾ ದೋಷಕ್ಕೆ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷ ಹೊಣೆ. ಚಿಕ್ಕ ಕಟ್ಟಡದಲ್ಲಿ ಕೊಳ್ಳುವವರು ಈ ಮೂರೂ ಬೇಲಿಯ ಹೊರಗೆ ನಿಂತಿರುತ್ತಾರೆ. ಹಾಗಾಗಿ ಕಟ್ಟಡ ಚಿಕ್ಕದಾದಷ್ಟೂ ಪರಿಶೀಲನೆ ನಿಮ್ಮ ತಲೆಗೇ.

ಸ್ಥಳಕ್ಕೆ ಹೋಗುವಾಗ ಒಂದು ಟೇಪು ಮತ್ತು ಮಂಜೂರಾದ ನಕ್ಷೆಯ ಪೂರ್ತಿ ಪ್ರತಿ ಒಯ್ಯಿರಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಮೊದಲ ಪುಟ ಸಾಲದು. ಎಫ್‌ಎಆರ್ ಪಟ್ಟಿ, ವಾಸದ ಘಟಕಗಳ ಸಂಖ್ಯೆ, ಪಾರ್ಕಿಂಗ್ ಲೆಕ್ಕ ಇರುವುದು ಹಾಳೆಯ ಬಲಬದಿಯ ಕೋಷ್ಟಕದಲ್ಲಿ. ಕಾಂಪೌಂಡಿನ ಒಳಮೈಯಿಂದ ಗೋಡೆಗೆ ಅಳೆಯಿರಿ, ಬಾಲ್ಕನಿ ಚಾಚಿಕೊಂಡಿದ್ದರೆ ಅದರ ಅಂಚಿಗೂ ಅಳೆದು ಬರೆದುಕೊಳ್ಳಿ. ಮಹಡಿ ಎಣಿಸಿ. ಆಮೇಲೆ ಅಡುಗೆಮನೆ ಎಣಿಸಿ, ಇದು ಮುಖ್ಯ. ನಕ್ಷೆಯಲ್ಲಿ ಎರಡು ಮಹಡಿ ಸೇರಿಸಿ ಒಂದು ಡ್ಯೂಪ್ಲೆಕ್ಸ್ ಮನೆ ಎಂದು ತೋರಿಸಿ, ಒಳಮೆಟ್ಟಿಲು ಕಟ್ಟದೆ ಎರಡು ಫ್ಲ್ಯಾಟ್ ಮಾಡುವುದು ಹಳೆಯ ತಂತ್ರ. ನಕ್ಷೆಯಲ್ಲಿ ಮೆಟ್ಟಿಲಿದ್ದ ಜಾಗದಲ್ಲಿ ಈಗ ಪೂಜಾ ಕೋಣೆಯೋ ಯುಟಿಲಿಟಿಯೋ ಇರುತ್ತದೆ. ನಕ್ಷೆಯಲ್ಲಿ 'ಸ್ಟಡಿ' ಎಂದಿರುವ ಕೋಣೆಯ ಗೋಡೆಯಲ್ಲಿ ಸಿಂಕಿನ ಪೈಪು ಕಂಡರೆ ಅದೇ ಎರಡನೇ ಅಡುಗೆಮನೆ. ಸ್ಟಿಲ್ಟ್‌ನಲ್ಲಿ ಗೋಡೆ ಎಬ್ಬಿಸಿ ಅಂಗಡಿಗೋ ಒಂದು ಕೋಣೆಯ ಮನೆಗೋ ಬಾಡಿಗೆ ಕೊಟ್ಟಿದ್ದಾರೆಯೇ, ಟೆರೇಸಿನ ಹೆಡ್‌ರೂಮು ಹಿಗ್ಗಿ ಪೆಂಟ್‌ಹೌಸ್ ಆಗಿದೆಯೇ ನೋಡಿ.

ಇನ್ನೊಂದು ಎಣಿಕೆ ಖರೀದಿ ಪತ್ರದಲ್ಲಿದೆ: ಸೈಟಿನಲ್ಲಿ ಪ್ರತಿ ಫ್ಲ್ಯಾಟಿಗೆ ಸೇರುವ ಅವಿಭಜಿತ ಪಾಲು, ಎಲ್ಲರೂ ಯುಡಿಎಸ್ ಅನ್ನುವುದು. ನಾಲ್ಕು ಮನೆಗೆ ಸಮನಾಗಿ ಹಂಚಿದರೆ ಒಂದಕ್ಕೆ 600 ಚದರಡಿ, ಹತ್ತಕ್ಕೆ ಹಂಚಿದರೆ 240. ಈಗಾಗಲೇ ಮಾರಿರುವ ಫ್ಲ್ಯಾಟುಗಳ ಪತ್ರಗಳನ್ನು ಇಸಿಯ ಆಧಾರದಲ್ಲಿ ತೆಗೆಸಿ ಕೂಡಿ. ಮೊದಲ ಗಿರಾಕಿಗಳಿಗೆ ಧಾರಾಳವಾಗಿ ಬರೆದುಕೊಟ್ಟು, ಕೊನೆಯವರಿಗೆ ಪಾಲೇ ಸಾಲದೆ ಮೊತ್ತ 2,400 ದಾಟಿರುವ ಪ್ರಸಂಗಗಳಿವೆ. ಅದೇ ಪತ್ರದಲ್ಲಿ "ಒಸಿ ಪಡೆಯುವ ಹೊಣೆ ಖರೀದಿದಾರರದು" ಎಂಬ ಸಾಲು ನುಸುಳಿದೆಯೇ ಎಂದು ಓದಿ. ಇದ್ದರೆ ಅಳಿಸಿದ ಮೇಲೆ ಮಾತು.

ಒಸಿ ಇದೆ ಎಂದು ಕಾಗದ ತೋರಿಸಿದರೂ ಅದು ಏನು ಎಂದು ನೋಡಬೇಕು. ವಾಸ್ತುಶಿಲ್ಪಿ ಕೊಟ್ಟ ಪೂರ್ಣತಾ ಪತ್ರ ಒಸಿ ಅಲ್ಲ. ಕೆಲಸ ಶುರುವಾದಾಗ ಸಿಗುವ ಪ್ರಾರಂಭ ಪ್ರಮಾಣಪತ್ರ, ಜನರ ಬಾಯಲ್ಲಿ ಸಿಸಿ, ಅದೂ ಅಲ್ಲ. ಭಾಗಶಃ ಒಸಿಯಾಗಿದ್ದರೆ ನಿಮ್ಮ ಮಹಡಿ ಅದರಲ್ಲಿದೆಯೇ ನೋಡಿ. ಅನುಮಾನ ಬಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು. ಇಲ್ಲದಿದ್ದರೆ ಅದೇ ನೆಪ ಮಾಡಿ ವಾಪಸ್ ಕಳಿಸುತ್ತಾರೆ. ನಕ್ಷೆಯ ಎಲ್‌ಪಿ (ಮಂಜೂರಾತಿ) ಸಂಖ್ಯೆ, ಖಾತಾ ಸಂಖ್ಯೆ ಬರೆದು, ಆ ಸ್ವತ್ತಿಗೆ ಕೊಟ್ಟ ನಕ್ಷೆ, ಒಸಿ, ಹೊರಡಿಸಿದ ನೋಟಿಸ್ ಮತ್ತು ಆದೇಶಗಳ ದೃಢೀಕೃತ ಪ್ರತಿ ಕೇಳಿ. 2025ರ ಸೆಪ್ಟೆಂಬರ್‌ನಿಂದ ನಗರ ಐದು ಪಾಲಿಕೆಗಳಾಗಿರುವುದರಿಂದ ನಿಮ್ಮ ವಾರ್ಡು ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಯಾವುದಕ್ಕೆ ಸೇರಿದೆ ಎಂದು ನೋಡಿಕೊಂಡು ಅಲ್ಲಿಗೇ ಹಾಕಿ. ಅಡ್ವಾನ್ಸಿಗೆ ಮೂವತ್ತು ದಿನ ಕಾಯಲಾರೆ ಎಂದು ಮಾರುವವನು ಅವಸರ ಮಾಡಿದರೆ ಅದೂ ಒಂದು ಉತ್ತರವೇ.

ಮುಂಚೆ ಒಸಿ ಇಲ್ಲದೆಯೂ ಹೇಗೋ ನಡೆಯುತ್ತಿತ್ತು, ಈಗ ನಡೆಯುತ್ತಿಲ್ಲ. ಉತ್ತರ ಪ್ರದೇಶದ ಮೀರತ್‌ನ ಪ್ರಕರಣವೊಂದರಲ್ಲಿ 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿತು: ಒಸಿ ಇಲ್ಲದೆ ಸ್ವಾಧೀನ ಕೊಡಬಾರದು, ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದು, ಬ್ಯಾಂಕುಗಳು ಅದನ್ನು ಪರಿಶೀಲಿಸಿಯೇ ಸಾಲ ಕೊಡಬೇಕು, ಕಟ್ಟುವಷ್ಟು ದಿನವೂ ಮಂಜೂರಾದ ನಕ್ಷೆಯನ್ನು ಸ್ಥಳದಲ್ಲಿ ಹಾಕಿರಬೇಕು. 2025ರಲ್ಲಿ ವಿದ್ಯುತ್ ನಿಯಂತ್ರಣ ಆಯೋಗ ವಿದ್ಯುತ್ ಸರಬರಾಜು ಕಂಪನಿಗಳಿಗೆ (ಎಸ್ಕಾಂ) ಸೂಚನೆ ಕೊಟ್ಟ ಮೇಲೆ ಕಾಯಂ ಸಂಪರ್ಕದ ಅರ್ಜಿಗಳು ರಾಜ್ಯದಾದ್ಯಂತ ನಿಂತವು. ಸರ್ಕಾರ ಆಮೇಲೆ 1,200 ಚದರಡಿವರೆಗಿನ ನಿವೇಶನದ ಮನೆಗಳಿಗೆ ಒಸಿ ವಿನಾಯಿತಿ ಕೊಟ್ಟಿತು, ಅದೂ ನೆಲಮಹಡಿ ಮತ್ತು ಎರಡು ಅಥವಾ ಸ್ಟಿಲ್ಟ್ ಮತ್ತು ಮೂರು ಮಹಡಿಯವರೆಗೆ. ದಲ್ಲಾಳಿಗಳು ಇದನ್ನೇ ತಿರುಚಿ "ಈಗ ಒಸಿ ಬೇಕಿಲ್ಲ ಸಾರ್" ಅನ್ನುತ್ತಾರೆ. 40x60ರ ಹತ್ತು ಫ್ಲ್ಯಾಟಿಗೆ ಆ ವಿನಾಯಿತಿ ತಾಕುವುದಿಲ್ಲ.

ಆಗಲೇ ಕೊಂಡುಬಿಟ್ಟಿದ್ದರೆ, ಉಳಿದ ಹಣವನ್ನು ಒಸಿ ಕೈಗೆ ಬರುವವರೆಗೆ ಕೊಡಬೇಡಿ, ಮತ್ತು ಯಾಕೆ ಕೊಡುತ್ತಿಲ್ಲ ಎಂದು ಸ್ಪೀಡ್ ಪೋಸ್ಟ್‌ನಲ್ಲಿ ಬರೆದು ತಿಳಿಸಿ. ವಾಸ್ತವದಲ್ಲಿ ಎಂಟಕ್ಕಿಂತ ಹೆಚ್ಚು ಮನೆ ಕಟ್ಟಿ ಮಾರಿದ್ದರೆ, ಜಾಗ 500 ಚದರ ಮೀಟರ್ ಮೀರದಿದ್ದರೂ ನೋಂದಣಿಯಾಗದ ಯೋಜನೆ ಎಂದು ಕರ್ನಾಟಕ ರೇರಾದಲ್ಲಿ ದೂರು ಕೊಡಲು ವಾದವಿದೆ. ನೋಂದಣಿ ತಪ್ಪಿಸಿದ್ದಕ್ಕೆ ಯೋಜನಾ ವೆಚ್ಚದ ಶೇ 10ರವರೆಗೆ ದಂಡವಿದೆ. ಜಾಗದ ಮಾಲೀಕ ಮತ್ತು ಬಿಲ್ಡರ್ ಜಂಟಿ ಅಭಿವೃದ್ಧಿ ಕರಾರು ಮಾಡಿಕೊಂಡಿದ್ದರೆ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ, ಬಿಲ್ಡರ್ ಮಾಯವಾದರೂ ಜಾಗದ ಮಾಲೀಕ ಊರಲ್ಲೇ ಇರುತ್ತಾನೆ.

ಇನ್ನೊಂದು ಬಾಗಿಲು ಗ್ರಾಹಕ ಆಯೋಗ. ಎರಡು ವರ್ಷ ದಾಟಿತಲ್ಲ, ಕಾಲಮಿತಿ ಮುಗಿಯಿತಲ್ಲ ಎಂದು ಕೈಚೆಲ್ಲಬೇಡಿ. ಒಸಿ ಕೊಡದಿರುವುದು ಮುಂದುವರಿಯುತ್ತಲೇ ಇರುವ ತಪ್ಪು, ಕಾಲಮಿತಿ ಅಡ್ಡಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ಮುಂಬೈನ ಸೊಸೈಟಿಯೊಂದರ ಪ್ರಕರಣದಲ್ಲಿ ಹೇಳಿದೆ. ಫ್ಲ್ಯಾಟಿಗೆ ಕೊಟ್ಟ ಹಣ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ, ಅದರ ಮೇಲೆ 2 ಕೋಟಿಯವರೆಗೆ ರಾಜ್ಯ ಆಯೋಗ. ದೂರಿನ ಜೊತೆ ಮಂಜೂರಾದ ನಕ್ಷೆ, ನೀವು ಅಳೆದ ಸೆಟ್‌ಬ್ಯಾಕಿನ ಪಟ್ಟಿ, ಮಾಹಿತಿ ಹಕ್ಕಿನಲ್ಲಿ ಬಂದ ಉತ್ತರ, ತಾತ್ಕಾಲಿಕ ಸಂಪರ್ಕದ ಬಿಲ್ಲು ಮತ್ತು ಟ್ಯಾಂಕರ್ ರಸೀದಿಗಳನ್ನು ತಿಂಗಳವಾರು ಜೋಡಿಸಿ ಲಗತ್ತಿಸಿ. ಹತ್ತು ಮನೆಯವರೂ ಒಟ್ಟಿಗೆ ಹೋದರೆ ಖರ್ಚು ಹಂಚಿಹೋಗುತ್ತದೆ, ಒಬ್ಬಿಬ್ಬರನ್ನು ಮಾತ್ರ ಸಮಾಧಾನ ಮಾಡಿ ಕಳಿಸುವ ಆಟವೂ ನಡೆಯುವುದಿಲ್ಲ.