ಮೊದಲು ಮೀಟರ್, ಆಮೇಲೆ ಪಾನಾ: ಗೋಕುಲ ರಸ್ತೆಯ ಆಟೋ ಎಲೆಕ್ಟ್ರಿಷಿಯನ್

ಕಾರು ಸ್ಟಾರ್ಟ್ ಆಗದಿದ್ದರೆ ಹುಬ್ಬಳ್ಳಿಯಲ್ಲಿ ಯಾರ ಹತ್ತಿರ ಹೋಗಬೇಕು ಅಂತ ಕೇಳುವವರಿಗೆ ಈಗ ನನ್ನ ಉತ್ತರ ಒಂದೇ. ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟ್ ಒಳಗೆ ಒಬ್ಬ ವಯಸ್ಸಾದ ಎಲೆಕ್ಟ್ರಿಷಿಯನ್ ಇದ್ದಾರೆ. ತಗಡಿನ ಶೆಡ್ಡು, ಎರಡು ಗಾಡಿ ನಿಲ್ಲುವಷ್ಟು ಜಾಗ, ಬೋರ್ಡಿನ ಬಣ್ಣ ಪೂರ್ತಿ ಹೋಗಿದೆ. ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೇನೆ. ಅಲ್ಲಿಗೆ ಹೋಗುವ ಮುಂಚೆ 11,000 ರೂಪಾಯಿ ಸುಮ್ನೆ ಕಳೆದುಕೊಂಡಿದ್ದೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಮ್ಮದು 2014ರ ಚಿಕ್ಕ ಪೆಟ್ರೋಲ್ ಕಾರು. ಮನೆ ನವನಗರ, ಕೆಲಸ ಧಾರವಾಡದಲ್ಲಿ, ದಿನಾ ಓಡಾಟ. ಜುಲೈ ಮಳೆಯಲ್ಲಿ ಒಂದು ಬೆಳಿಗ್ಗೆ ಕೀ ತಿರುಗಿಸಿದರೆ 'ಕಟ್' ಅಂತ ಒಂದೇ ಸದ್ದು, ಇಂಜಿನ್ ಅಲ್ಲಾಡಲಿಲ್ಲ. ಲೈಟ್ ಚೆನ್ನಾಗಿ ಉರಿಯುತ್ತಿತ್ತು, ಹಾರ್ನ್ ಜೋರಾಗಿಯೇ ಇತ್ತು. ಪಕ್ಕದ ಮನೆಯವರು ತಮ್ಮ ಗಾಡಿಯ ಬ್ಯಾಟರಿಯಿಂದ ಜಂಪ್ ಕೇಬಲ್ ಹಾಕಿಕೊಟ್ಟರು, ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಎಲ್ಲರೂ ಬ್ಯಾಟರಿ ಹೋಗಿದೆ ಅಂದರು, ನಾನೂ ಒಪ್ಪಿದೆ. ದಾರಿಯಲ್ಲಿದ್ದ ಒಂದು ಗ್ಯಾರೇಜಿನಲ್ಲಿ 4,800 ಕೊಟ್ಟು ಹೊಸ ಬ್ಯಾಟರಿ ಹಾಕಿಸಿದೆ.

ಎಂಟು ದಿನ ಚೆನ್ನಾಗಿತ್ತು. ಆಮೇಲೆ ಒಂದು ಸಂಜೆ ಧಾರವಾಡದಲ್ಲಿ ಆಫೀಸಿನ ಪಾರ್ಕಿಂಗ್‌ನಲ್ಲಿ ಮತ್ತೆ ಅದೇ 'ಕಟ್'. ಮಳೆ ಬೇರೆ. ಗಾಡಿ ಅಲ್ಲೇ ಬಿಟ್ಟು ಚಿಗರಿ ಬಸ್ಸು ಹತ್ತಿ ಮನೆಗೆ ಬಂದೆ. ಅದೇ ಗ್ಯಾರೇಜಿನವರು ಈ ಸಲ ಸೆಲ್ಫ್ ಮೋಟರ್ (ಇಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಮೋಟರ್) ಹೋಗಿದೆ ಅಂದರು, ಅದಕ್ಕೆ 6,200. ಹನ್ನೆರಡು ದಿನ ನಡೆಯಿತು, ಮತ್ತೆ ನಿಂತಿತು. ಎರಡು ಸಲವೂ ಯಾರೂ ವೋಲ್ಟ್ ಅಳೆಯುವ ಮೀಟರ್ ಹಚ್ಚಿ ನೋಡಲಿಲ್ಲ. ನನಗೆ ನಿಜವಾಗಿ ಸಿಟ್ಟು ಇರುವುದು ಇದಕ್ಕೇ. ಹಳೇ ಬ್ಯಾಟರಿ ಎಕ್ಸ್‌ಚೇಂಜ್‌ನಲ್ಲಿ ಹೋಯಿತು, ಹಳೇ ಸೆಲ್ಫೂ ಅವರೇ ಇಟ್ಟುಕೊಂಡರು. ಅವೆರಡೂ ಚೆನ್ನಾಗಿಯೇ ಇದ್ದವು ಅಂತ ಈಗ ನನಗೆ ಗೊತ್ತು.

ಕೊನೆಗೆ ಮತ್ತೆ ಜಂಪ್ ಮಾಡಿಸಿಕೊಂಡು, ದಾರಿಯಲ್ಲೆಲ್ಲೂ ಆಫ್ ಮಾಡದೆ ಈ ಕಾಕಾನ ಶೆಡ್ಡಿಗೆ ಬಂದೆ. ಅವರು ಬಾನೆಟ್ ಎತ್ತಲೇ ಇಲ್ಲ, ಮೊದಲು ಕೇಳಲು ಶುರು ಮಾಡಿದರು. ಒಂದೇ 'ಕಟ್' ಬರುತ್ತದೋ, ಕಟಕಟಕಟ ಅಂತ ಬರುತ್ತದೋ? ಸೆಲ್ಫ್ ಹೊಡೆದಾಗ ಹೆಡ್‌ಲೈಟ್ ಮಂಕಾಗುತ್ತದೋ, ಹಾಗೇ ಇರುತ್ತದೋ? ಇಂಜಿನ್ ಬಿಸಿ ಇದ್ದಾಗಲೋ, ತಣ್ಣಗಿದ್ದಾಗಲೋ? ಆಮೇಲೆ ಒಂದು ಪ್ರಶ್ನೆ ಕೇಳಿದರು, ಅದನ್ನು ಬೇರೆ ಯಾರೂ ಕೇಳಿರಲಿಲ್ಲ.

"ಜಂಪ್ ಹಚ್ಚಿದಾಗ ಕರೇ ಕ್ಲಿಪ್ ಎಲ್ಲಿ ಹಚ್ಚಿದ್ರಿ ಮೇಡಮ್ಮಾರ, ಬ್ಯಾಟರಿಗೋ ಇಂಜಿನ್ನಿಗೋ?"

"ಇಂಜಿನ್ ಮ್ಯಾಲಿನ ಕಬ್ಬಿಣಕ್ಕ ಕಾಕಾ."

"ಹಂಗಾರ ಬ್ಯಾಟರಿ ಚಲೋ ಐತ್ರಿ. ನಡುವ ಎಲ್ಲೋ ಅರ್ಥಿಂಗ್ ಕಡದೈತಿ. ತಡೀರಿ, ನೋಡೂಣು."

ಅರ್ಥಿಂಗ್ ಅಂದರೆ ಕರೆಂಟು ಇಂಜಿನ್, ಬಾಡಿಯ ಲೋಹದ ಮೂಲಕ ಬ್ಯಾಟರಿಯ ಮೈನಸ್‌ಗೆ ವಾಪಸ್ ಹೋಗುವ ದಾರಿ. ಆಮೇಲೆ ಮೀಟರ್ ತೆಗೆದರು. ಸೆಲ್ಫ್ ಹೊಡೆಯುವ ಮುಂಚೆ ಬ್ಯಾಟರಿಯಲ್ಲಿ 12.6 ವೋಲ್ಟ್, ಅಂದರೆ ಫುಲ್ ಚಾರ್ಜ್. ನಾನು ಕೀ ತಿರುಗಿಸಿ ಹಿಡಿದೆ, 12.1ಕ್ಕೆ ಇಳಿಯಿತು ಅಷ್ಟೇ. ಬ್ಯಾಟರಿ ಸುಸ್ತಾಗಿದ್ದರೆ ಇದು 9.6ಕ್ಕಿಂತ ಕೆಳಗೆ ಬೀಳುತ್ತದೆ ಅಂದರು. ನಮ್ಮದರಲ್ಲಿ ಬೀಳಲಿಲ್ಲ, ಮೋಟರೂ ತಿರುಗಲಿಲ್ಲ. ಹಾಗಾದರೆ ಕರೆಂಟು ದಾರಿಯಲ್ಲೇ ಸಿಕ್ಕಿಹಾಕಿಕೊಂಡಿದೆ. ಮುಂದಿನ ಅಳತೆಯಲ್ಲಿ ಅದು ಎಲ್ಲಿ ಅಂತಲೂ ಗೊತ್ತಾಯಿತು. ಮೀಟರಿನ ಒಂದು ವೈರಿನ ತುದಿ ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದು ಇಂಜಿನ್ನಿನ ಬರೀ ಲೋಹದ ಮೇಲೆ ಇಟ್ಟು ಮತ್ತೆ ಸೆಲ್ಫ್ ಹೊಡೆಯಲು ಹೇಳಿದರು. ಅರ್ಧ ವೋಲ್ಟ್ ಒಳಗೆ ಇರಬೇಕಾದ ಜಾಗದಲ್ಲಿ 6.3 ಬಂತು. ಬ್ಯಾಟರಿ ಮೈನಸ್‌ನಿಂದ ಬಾಡಿಗೆ ನೋಡಿದರೆ 0.1, ಅಲ್ಲಿ ತೊಂದರೆ ಇಲ್ಲ. ಬಾಡಿಯಿಂದ ಇಂಜಿನ್ನಿಗೆ ಹೋಗುವ ಅರ್ಥ್ ಪಟ್ಟಿಯೇ ಕೆಟ್ಟಿತ್ತು. ಅದಾದ ಮೇಲೆ ಇಂಜಿನ್ ಕಡೆಯಿಂದ ಬಾಡಿಗೆ ಬರುವ ಲೋಹದ ಕ್ಲಚ್ ಕೇಬಲ್ ಮುಟ್ಟಿ ನೋಡಲು ಹೇಳಿದರು, ಬೆಚ್ಚಗಾಗಿತ್ತು. ಪಟ್ಟಿಯಲ್ಲಿ ದಾರಿ ಸಿಗದ ಕರೆಂಟು ಆ ಕೇಬಲ್ ಮೂಲಕ ವಾಪಸ್ ಹೋಗಲು ನೋಡುತ್ತಿತ್ತಂತೆ.

ಗಾಡಿ ಕೆಳಗೆ ಮಲಗಿ ಪಟ್ಟಿ ಬಿಚ್ಚಿ ತಂದು ನನ್ನ ಕೈಗೇ ಕೊಟ್ಟರು. ಜಡೆ ಹೆಣೆದ ಹಾಗೆ ಇರುವ ಒಂದು ಗೇಣುದ್ದದ ತಾಮ್ರದ ಪಟ್ಟಿ. ಗೇರ್‌ಬಾಕ್ಸ್ ಕಡೆಯ ತುದಿಯಲ್ಲಿ ಹಸಿರು ಪುಡಿ ಕಟ್ಟಿತ್ತು. ಸ್ವಲ್ಪ ಬಾಗಿಸಿದೆ, ಎಳೆಗಳು ಪಟಪಟ ಮುರಿದು ಅಂಗೈಯಲ್ಲಿ ಉದುರಿದವು. ನಾಲ್ಕೈದು ಎಳೆ ಮಾತ್ರ ಗಟ್ಟಿ ಉಳಿದಿದ್ದವು.

ಲೈಟು, ಹಾರ್ನ್ ಸರಿ ಇದ್ದದ್ದಕ್ಕೆ ಕಾರಣ ಸರಳ. ಅವುಗಳ ಅರ್ಥಿಂಗ್ ಬಾಡಿಗೇ ಇರುತ್ತದೆ, ಈ ಪಟ್ಟಿಯ ಗೊಡವೆಯೇ ಅವಕ್ಕಿಲ್ಲ. ಬೇಕಾಗುವುದೂ ಕೆಲವೇ ಆಂಪಿಯರ್. ಸೆಲ್ಫ್ ಮೋಟರಿಗೆ ನೂರಕ್ಕಿಂತ ಜಾಸ್ತಿ ಬೇಕು, ಅಷ್ಟನ್ನು ಆ ನಾಲ್ಕೈದು ಎಳೆ ಎಲ್ಲಿಂದ ಹೊರಬೇಕು? ಇನ್ನು ಜಂಪ್ ಕೇಬಲ್ಲಿನ ಕಪ್ಪು ಕ್ಲಿಪ್ ಇಂಜಿನ್ ಮೇಲೆ ಹಾಕಿದಾಗ ಕೆಟ್ಟ ಪಟ್ಟಿಯನ್ನು ಬಿಟ್ಟು ಹೊಸ ದಾರಿ ಸಿಗುತ್ತಿತ್ತು, ಅದಕ್ಕೇ ಪ್ರತಿ ಸಲ ಸ್ಟಾರ್ಟ್ ಆಗುತ್ತಿತ್ತು. ಹಾಗೆ ಹಾಕುವುದೇ ಸರಿಯಾದ ಕ್ರಮ, ಪಕ್ಕದ ಮನೆಯವರದ್ದೇನೂ ತಪ್ಪಿಲ್ಲ. ಬ್ಯಾಟರಿ, ಸೆಲ್ಫ್ ಬದಲಿಸಿದಾಗ ಕೆಲವು ದಿನ ನಡೆದದ್ದು ಯಾಕೆ ಅಂದರೆ, ಕೈ ಆಡಿಸುವಾಗ ಪಟ್ಟಿಯೂ ಅಲುಗಾಡಿ ಸ್ವಲ್ಪ ದಿನ ಹಿಡಿದುಕೊಂಡಿರಬೇಕು ಅಂತ ಕಾಕಾ ಹೇಳಿದರು.

ಹೊಸ ಪಟ್ಟಿ ಹಾಕುವ ಮುಂಚೆ ಎರಡೂ ಕಡೆ ಲೋಹ ಹೊಳೆಯುವ ತನಕ ಪಾಲಿಶ್ ಪೇಪರ್ ಹಾಕಿ ಉಜ್ಜಿದರು. ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಸವರಿ, ಮತ್ತೆ ಅಳೆದರು: 0.2. ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 14.2, ಡೈನಮೋ ಕೂಡ ಸರಿ ಇದೆ. ಪಟ್ಟಿ, ಕೂಲಿ ಎಲ್ಲಾ ಸೇರಿ 450 ರೂಪಾಯಿ. ಹುಡುಕುವುದಕ್ಕೇ ಒಂದು ಗಂಟೆ ಹೋಗಿತ್ತು, ಅದಕ್ಕೆ ಅಂತ ನಾನು ಇನ್ನೂರು ಜಾಸ್ತಿ ಕೊಟ್ಟೆ, ಬಹಳ ಒತ್ತಾಯ ಮಾಡಿದ ಮೇಲೆ ತಗೊಂಡರು. ನೀವೂ ಕೊಡಿ. ನೋಡುವ ಕೆಲಸಕ್ಕೆ ನಾವು ದುಡ್ಡು ಕೊಡುವುದಿಲ್ಲ, ಸಾಮಾನಿಗೆ ಮಾತ್ರ ಕೊಡುತ್ತೇವೆ, ಹಾಗಿರುವಾಗ ಗ್ಯಾರೇಜಿನವರು ಸಾಮಾನು ಬದಲಿಸದೆ ಇನ್ನೇನು ಮಾಡುತ್ತಾರೆ ಅಲ್ವಾ?

ಅಂದಿನಿಂದ ಮೂರು ತಿಂಗಳಾಯಿತು, ಒಂದು ಸಲವೂ ಕೈ ಕೊಟ್ಟಿಲ್ಲ.

ಹೋಗುವವರಿಗೆ ಒಂದೆರಡು ವಿಷಯ. ಇವರು ಮಾಡುವುದು ಎಲೆಕ್ಟ್ರಿಕ್ ಕೆಲಸ ಮಾತ್ರ. ಸೆಲ್ಫ್ ಗರಗರ ತಿರುಗಿ ಇಂಜಿನ್ ಮಾತ್ರ ಹಿಡಿಯುತ್ತಿಲ್ಲ ಅಂದರೆ ಅದರ ಕಥೆ ಬೇರೆ. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗೆ ಪೆಟ್ರೋಲ್ ಪಂಪ್ ಒಂದೆರಡು ಸೆಕೆಂಡ್ ಗುಂಯ್ ಅನ್ನುತ್ತದೋ ಕೇಳುತ್ತಾರೆ, ಫ್ಯೂಸ್, ರಿಲೇ ನೋಡುತ್ತಾರೆ. ಅಲ್ಲಿಗೂ ಸಿಗದಿದ್ದರೆ ಸ್ಕ್ಯಾನರ್ ಇರುವ ಮೆಕ್ಯಾನಿಕ್ ಹತ್ತಿರ ಕಳಿಸುತ್ತಾರೆ, ತಾವೇ ಅಂದಾಜಿನಲ್ಲಿ ಬಿಚ್ಚುವುದಿಲ್ಲ. ಕೂರಲು ಒಂದೇ ಸ್ಟೂಲ್ ಇದೆ, ಮಧ್ಯಾಹ್ನ ಎರಡರಿಂದ ಮೂರೂವರೆ ತನಕ ಊಟಕ್ಕೆ ಬಾಗಿಲು ಹಾಕುತ್ತಾರೆ, ಫೋನ್ ಎತ್ತುವುದು ಕಡಿಮೆ. ಬೆಳಿಗ್ಗೆ ಹತ್ತರೊಳಗೆ ಹೋದರೆ ಕಾಯಬೇಕಾಗಿಲ್ಲ.